ಹಿಂದಿನ ಕಡತ ಲಗತ್ತಿಸಿದೆ

ನನ್ನ ಬಗ್ಗೆ ಒಂದು ಸತ್ಯವನ್ನು ಮೊದಲೇ ಹೇಳಿಬಿಡುತ್ತೇನೆ. ಇಪ್ಪತ್ತಾರು ವರ್ಷಗಳ ಸರ್ಕಾರಿ ನೌಕರಿಯಲ್ಲಿ ನಾನು ಸ್ವಂತವಾಗಿ ಒಂದೇ ಒಂದು ನಿರ್ಧಾರ ತೆಗೆದುಕೊಂಡವನಲ್ಲ. ಅದಕ್ಕಾಗಿ ಯಾರೂ ನನ್ನನ್ನು ಬೈದದ್ದಿಲ್ಲ. ಬದಲಿಗೆ ಎರಡು ಬಡ್ತಿ ಕೊಟ್ಟಿದ್ದಾರೆ. ಮಡಿಕೇರಿಯ ನಮ್ಮ ಕಚೇರಿಗೆ ಒಂದು ಕಾಗದ ಬಂದರೆ ಅದಕ್ಕೊಂದು ಕಡತ ತೆರೆದು, ಟಿಪ್ಪಣಿ ಹಾಳೆಯಲ್ಲಿ ನಾಲ್ಕು ಸಾಲು ಗೀಚಿ, ‘ಆದೇಶಕ್ಕಾಗಿ ಮಂಡಿಸಿದೆ’ ಎಂದು ಮೇಲಕ್ಕೆ ಕಳಿಸುವುದು ನನ್ನ ಕೆಲಸ. ಮೇಲಿನವರು ‘ಚರ್ಚಿಸಿ’ ಎಂದು ಬರೆದು ಕೆಳಕ್ಕೆ ಕಳಿಸುತ್ತಾರೆ. ಯಾರೊಂದಿಗೆ, ಯಾವಾಗ, ಏನನ್ನು ಚರ್ಚಿಸಬೇಕು ಎಂದು ಅವರೂ ಹೇಳುವುದಿಲ್ಲ, ನಾನೂ ಕೇಳುವುದಿಲ್ಲ. ಹೀಗೆ ಕಡತ ನಾಲ್ಕು ಸಲ ಹತ್ತಿಳಿಯುವಷ್ಟರಲ್ಲಿ ಅರ್ಜಿ ಕೊಟ್ಟವರಿಗೆ ಅರ್ಜಿಯ ಅಗತ್ಯವೇ ತೀರಿಹೋಗಿರುತ್ತದೆ. ಹೊರಗಿನವರು ಇದನ್ನು ವಿಳಂಬ ಎನ್ನುತ್ತಾರೆ. ನಾವು ಪರಿಶೀಲನೆ ಎನ್ನುತ್ತೇವೆ. ಇನ್ನು ಸಹಿಯ ವಿಷಯ. ಕಾಗದದಲ್ಲಿ ಎಲ್ಲಿ ಸಹಿ ಬೀಳಬೇಕೋ ಅಲ್ಲಿ ಯಾರಾದರೂ ಪೆನ್ಸಿಲಿನಿಂದ ಸಣ್ಣದೊಂದು ಇಂಟು ಗುರುತು ಹಾಕಿಟ್ಟರೆ ಸಾಕು, ನನ್ನ ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ. ಓದುವ ಪದ್ಧತಿ ಇಟ್ಟುಕೊಂಡಿಲ್ಲ.

ಇಂಥವನ ಮನೆಗೆ ಕಳೆದ ಬೇಸಿಗೆಯಲ್ಲಿ ಒಂದು ನಿರ್ಧಾರ ಬಂದು ಕೂತಿತು. ನನ್ನ ಒಬ್ಬಳೇ ಮಗಳು ಚಿನ್ಮಯಿಗೆ ಮೈಸೂರಿನ ಒಂದು ವಿಶ್ವವಿದ್ಯಾಲಯದಲ್ಲಿ ಡಿಸೈನ್ ಪದವಿಗೆ ಸೀಟು ಸಿಕ್ಕಿತು. ನಾಲ್ಕು ವರ್ಷದ ಓದು. ಅವರು ಕಳಿಸಿದ ಪತ್ರದಲ್ಲಿ ಶುಲ್ಕದ ಸಾಲು ಬಂದಾಗ, ಇದು ಅವರ ಫೋನ್ ನಂಬರ್ ಇರಬೇಕು ಎಂದುಕೊಂಡು ನಾನು ಮುಂದೆ ಓದಿದೆ. ಫೋನ್ ನಂಬರ್ ಕೆಳಗೆ ಬೇರೆಯೇ ಇತ್ತು. ಕುಶಾಲನಗರದ ಕಡೆ ಒಂದು ಸಣ್ಣ ಸೈಟು ಕೊಳ್ಳಬೇಕೆಂದು ನಾನೂ ನನ್ನ ಹೆಂಡತಿ ಸುಮತಿಯೂ ಹದಿನಾಲ್ಕು ವರ್ಷದಿಂದ ಕೂಡಿಟ್ಟದ್ದು ಸುಮಾರು ಅಷ್ಟೇ ಇತ್ತು. ಅಂದರೆ ಸೈಟು, ಇಲ್ಲವೇ ಡಿಸೈನ್. ಎರಡೂ ಆಗುವಂತಿರಲಿಲ್ಲ. ನಾವಿರುವ ಬಾಡಿಗೆ ಮನೆಯಲ್ಲಿ ಅಡುಗೆಮನೆಯ ಕಪಾಟಿನ ಬಾಗಿಲು ತೆರೆಯಬೇಕಾದರೆ ಒಲೆಯ ಮುಂದಿರುವವರು ಹೊರಗೆ ಬರಬೇಕು. ಸುಮತಿ ಹದಿನಾಲ್ಕು ವರ್ಷದಿಂದ ಒಳಗೆ ಹೊರಗೆ ಮಾಡುತ್ತಿದ್ದಾಳೆ. ನಾನು ಸುತ್ತೋಲೆಗಳ ಹಿಂಬದಿಯಲ್ಲಿ ಮುಂದಿನ ಮನೆಯ ನಕ್ಷೆ ಬರೆಯುತ್ತಾ ಬಂದಿದ್ದೇನೆ. ಪ್ರತಿ ನಕ್ಷೆಯಲ್ಲೂ ಪೂರ್ವಕ್ಕೆ ಒಂದು ದೊಡ್ಡ ಕಿಟಕಿ, ಅದರ ಕೆಳಗೆ ಒಂದು ಉದ್ದ ಮೇಜು. ಆ ಮೇಜಿನ ಮೇಲೆ ಎಂಥ ಮಾಡುತ್ತೀರಿ ಎಂದು ಸುಮತಿ ಕೇಳಿದರೆ, ಇರಲಿ ಬಿಡು ಎನ್ನುತ್ತಿದ್ದೆ.

ಹದಿನೈದು ದಿನದೊಳಗೆ ಮೊದಲ ಕಂತು ಕಟ್ಟಿ, ಪೋಷಕರ ಸಹಿಯಿರುವ ಒಪ್ಪಿಗೆ ಪತ್ರ ಕಳಿಸಬೇಕಿತ್ತು. ನಾನು ನನಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದೆ. ಒಂದು ಹಳೆಯ ರಟ್ಟಿನ ಫೈಲು ಹುಡುಕಿ, ‘ವಿಷಯ: ಕುಮಾರಿ ಚಿನ್ಮಯಿಗೆ ಡಿಸೈನ್ ಪದವಿ ಕೊಡಿಸುವ ಬಗ್ಗೆ’ ಎಂದು ಬರೆದು, ಟಿಪ್ಪಣಿ ಹಾಳೆ ಸೇರಿಸಿ, ಫ್ರಿಜ್ಜಿನ ಪಕ್ಕದ ಮೊಳೆಗೆ ಪೆನ್ನಿನ ಸಮೇತ ನೇತುಹಾಕಿದೆ. ಮನೆಯವರೆಲ್ಲ ತಮ್ಮ ಅಭಿಪ್ರಾಯ ಬರೆಯಬೇಕೆಂದು ಕೋರಿದೆ. ಮಗಳು ಫೈಲನ್ನು ಒಮ್ಮೆ ನೋಡಿ, ಅಕ್ಷರ ಚೆನ್ನಾಗಿದೆ, ಆದರೆ ಶೀರ್ಷಿಕೆ ಎಡಕ್ಕೆ ವಾಲಿದೆ ಎಂದಷ್ಟೇ ಹೇಳಿ ಹೋದಳು.

ನಿಜ ಹೇಳಬೇಕೆಂದರೆ ಡಿಸೈನ್ ಅಂದರೆ ಏನೆಂಬುದೇ ನನಗೆ ಸರಿಯಾಗಿ ಗೊತ್ತಿರಲಿಲ್ಲ. ಸೀರೆಯ ಅಂಚಿನಲ್ಲಿ ಇರುತ್ತದಲ್ಲ, ಅದು ಎಂದುಕೊಂಡಿದ್ದೆ. ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನ ಪೊನ್ನಪ್ಪನವರನ್ನು ಕೇಳಿದೆ. ಹುದಿಕೇರಿಯಲ್ಲಿ ಅವರ ಮನೆಯವರದು ಸ್ವಲ್ಪ ಕಾಫಿ ತೋಟ ಇದೆ. ಅವರ ಅಣ್ಣನ ಮಗಳು ಇದೇ ಓದನ್ನು ಓದಿ ಬಂದವಳು. ಬಂದವಳೇ ಮನೆಯ ಕಾಫಿಪುಡಿಯ ಪೊಟ್ಟಣಕ್ಕೆ ಹೊಸ ರೂಪ ಕೊಟ್ಟಳಂತೆ. ಪೊಟ್ಟಣ ಎಷ್ಟು ಚೆಂದ ಬಂತೆಂದರೆ ನೆಂಟರೆಲ್ಲ ಪುಡಿಯನ್ನು ಡಬ್ಬಿಗೆ ಸುರಿದು ಪೊಟ್ಟಣವನ್ನು ಶೋಕೇಸಿನಲ್ಲಿ ಇಟ್ಟುಕೊಂಡಿದ್ದಾರಂತೆ. ಹಾಗಾದರೆ ಕೊಟ್ಟ ಶುಲ್ಕಕ್ಕೆ ಮೋಸವಿಲ್ಲ ಅನ್ನಿ ಎಂದೆ. “ಮೋಸ ಇಲ್ಲ ಮಾರಾಯ್ರೆ. ಆದರೆ ಈಗ ನಮ್ಮ ಮನೆಯ ಗೇಟು ನೋಡಿದರೆ ನನಗೇ ನಾಚಿಕೆ ಆಗ್ತದೆ. ಮೊದಲು ಆಗ್ತಿರಲಿಲ್ಲ” ಎಂದರು ಪೊನ್ನಪ್ಪನವರು. ಇದು ಪರವೋ ವಿರೋಧವೋ ಎಂದು ತಿಳಿಯದೆ, ನಾನು ಅದನ್ನು ಟಿಪ್ಪಣಿ ಹಾಳೆಯಲ್ಲಿ ಹಾಗೆಯೇ ನಮೂದಿಸಿದೆ.

ಆದರೆ ಮಗಳ ಕೈಚಳಕವನ್ನು ನಾನು ಕಂಡಿರಲಿಲ್ಲವೇ ಎಂದರೆ, ಕಂಡಿದ್ದೆ. ನಮ್ಮ ಕಚೇರಿಯಲ್ಲಿ ಮೂರು ಕಿಟಕಿ. ಪಿಂಚಣಿಯವರು ಮೂರನೆಯದಕ್ಕೆ ಬರಬೇಕು, ಬರುವುದು ಒಂದನೆಯದಕ್ಕೆ. ಗೋಡೆಯ ಮೇಲೆ ಏಳು ಸೂಚನೆ ಅಂಟಿಸಿದ್ದೆವು, ಏಳೂ ನನ್ನ ಕೈಬರಹದವು. ಕೊನೆಯದರಲ್ಲಿ ‘ಸೂಚನೆಗಳನ್ನು ಓದಿಕೊಳ್ಳಿ, ಸಿಬ್ಬಂದಿಯನ್ನು ಕೇಳಬೇಡಿ’ ಎಂದಿತ್ತು. ಅದನ್ನೂ ಯಾರೂ ಓದುತ್ತಿರಲಿಲ್ಲ. ದಿನಕ್ಕೆ ನಲವತ್ತು ಸಲ ನಾನು ತಲೆ ಎತ್ತದೆ ಗದ್ದದಿಂದಲೇ ಆಚೆ ಕಿಟಕಿ ತೋರಿಸುತ್ತಿದ್ದೆ. ಕಳೆದ ವರ್ಷ ಒಂದು ಮಧ್ಯಾಹ್ನ ನನಗಾಗಿ ಕಾಯುತ್ತಾ ಕೂತಿದ್ದ ಚಿನ್ಮಯಿ, ಸೂಪರಿಂಟೆಂಡೆಂಟರು ರಜೆಯಲ್ಲಿದ್ದ ಧೈರ್ಯದ ಮೇಲೆ ಏಳೂ ಸೂಚನೆಗಳನ್ನು ಕಿತ್ತು, ಬಾಗಿಲಿನಿಂದ ಮೂರನೇ ಕಿಟಕಿಯವರೆಗೆ ನೆಲದ ಮೇಲೆ ಹಳದಿ ಟೇಪು ಅಂಟಿಸಿ, ಎರಡೂ ತುದಿಯಲ್ಲಿ ಕೋಲು ಹಿಡಿದ ಒಬ್ಬ ಅಜ್ಜಿಯ ಚಿತ್ರ ಬಿಡಿಸಿದಳು. ಮರುದಿನ ಪಾಲಿಬೆಟ್ಟದ ಎಸ್ಟೇಟ್ ಕೂಲಿಗಳ ಲೈನ್ ಮನೆಯಿಂದ ಒಬ್ಬ ಮುದುಕಿ ಬಂದಳು. ತಮಿಳು ಬಿಟ್ಟು ಬೇರೆ ಮಾತು ಬಾರದು, ಓದಂತೂ ಇಲ್ಲವೇ ಇಲ್ಲ. ಬಾಗಿಲಲ್ಲಿ ನಿಂತು ಚಿತ್ರ ನೋಡಿದಳು, ತನ್ನ ಕೋಲು ನೋಡಿಕೊಂಡಳು, ಟೇಪಿನ ಮೇಲೆಯೇ ನಿಧಾನವಾಗಿ ನಡೆದು ಮೂರನೇ ಕಿಟಕಿ ಸೇರಿದಳು. ಯಾರನ್ನೂ ಒಂದು ಮಾತು ಕೇಳಲಿಲ್ಲ. ಅವಳ ಮುಖದಲ್ಲಿದ್ದ ನೆಮ್ಮದಿಯನ್ನು ನಮ್ಮ ಕಚೇರಿಯಲ್ಲಿ ನಾನು ಅದುವರೆಗೆ ಕಂಡಿರಲಿಲ್ಲ. ಅಂದಿನಿಂದ ನನ್ನ ಗದ್ದಕ್ಕೆ ಕೆಲಸವಿಲ್ಲ.

ಈ ಪ್ರಸಂಗವನ್ನು ನಾನು ಫೈಲಿನಲ್ಲಿ ಹೆಮ್ಮೆಯಿಂದಲೇ ಬರೆದೆ. ಆದರೆ ಗುಮಾಸ್ತನ ಬುದ್ಧಿ ಎಲ್ಲಿಗೆ ಹೋದೀತು? ಕೊನೆಯಲ್ಲಿ, ‘ಓದದೆಯೇ ಇಷ್ಟು ಬರುವಾಗ ಇಷ್ಟು ಶುಲ್ಕ ಕೊಟ್ಟು ಓದುವ ಅಗತ್ಯವಿದೆಯೇ ಎಂಬುದನ್ನು ಪರಿಶೀಲಿಸಬಹುದು’ ಎಂದು ಸೇರಿಸಿದೆ. ಸಂಜೆ ನೋಡಿದರೆ ಅದರ ಪಕ್ಕದಲ್ಲಿ ಸುಮತಿಯ ಅಕ್ಷರ: ‘ನಿಮಗೂ ಓದದೆಯೇ ಚಿತ್ರ ಬರುತ್ತಿತ್ತಂತೆ. ಈಗ ಏನು ಬಿಡಿಸುತ್ತಿದ್ದೀರಿ?’

ಬರುತ್ತಿತ್ತು. ನಮ್ಮ ತಂದೆ ಮಡಿಕೇರಿಯ ಹತ್ತಿರದ ಒಂದು ಹಳ್ಳಿಯ ದೇವಸ್ಥಾನದ ಅರ್ಚಕರಾಗಿದ್ದರು. ದೊಡ್ಡ ಪೂಜೆಗಳಿಗೆ ನೆಲದ ಮೇಲೆ ಬಣ್ಣದ ಪುಡಿಯಲ್ಲಿ ಮಂಡಲ ಬರೆಯುವುದರಲ್ಲಿ ಅವರದು ಎತ್ತಿದ ಕೈ. ಅಕ್ಕಿಹಿಟ್ಟಿನ ಬಿಳಿ, ಅರಿಶಿನದ ಹಳದಿ, ಅದಕ್ಕೆ ಸುಣ್ಣ ಸೇರಿಸಿದರೆ ಕೆಂಪು, ಒಣಗಿಸಿದ ಎಲೆಯ ಹಸಿರು, ಸುಟ್ಟ ಉಮಿಯ ಕಪ್ಪು. ಐದು ತೆಂಗಿನ ಗೆರಟೆಯಲ್ಲಿ ಐದು ಬಣ್ಣ ಹಿಡಿದು ನಾನು ಪಕ್ಕದಲ್ಲಿ ಕೂರುತ್ತಿದ್ದೆ. ಹನ್ನೆರಡು ತುಂಬುವಷ್ಟರಲ್ಲಿ ಅಂಚಿನ ಬಳ್ಳಿಗಳೆಲ್ಲ ನನ್ನ ಪಾಲಿಗೆ ಬಂದವು. ಬೆಳಗ್ಗೆ ನಾಲ್ಕು ಗಂಟೆಗಳ ಕಾಲ ಬಗ್ಗಿ ಬರೆದದ್ದನ್ನು ಪೂಜೆ ಮುಗಿದ ಮೇಲೆ ತಂದೆ ಅಂಗೈಯಿಂದ ಒಂದೇ ಸಲಕ್ಕೆ ಒರೆಸಿಬಿಡುತ್ತಿದ್ದರು. ಅವರಿಗೆ ಅದರಲ್ಲಿ ಏನೂ ಅನ್ನಿಸುತ್ತಿರಲಿಲ್ಲ. ನನಗೆ ಅನ್ನಿಸುತ್ತಿತ್ತು. ಒರೆಸಲಾಗದಂಥದ್ದನ್ನು ಬರೆಯಬೇಕು ಎಂಬ ಆಸೆ ಹೊಟ್ಟೆಯಲ್ಲಿ ಕೂತುಬಿಟ್ಟಿತು. ಪಿಯುಸಿ ಮುಗಿದಾಗ ಮೈಸೂರಿನ ಒಂದು ಚಿತ್ರಕಲಾ ಶಾಲೆಯಿಂದ ಅರ್ಜಿ ತರಿಸಿ, ತುಂಬಿ, ತಂದೆಯ ಮುಂದಿಟ್ಟೆ. ನೋಡುವ ಎಂದರು. ಅವರು ಯಾವುದಕ್ಕೂ ಹಾಗೆಯೇ ಎನ್ನುತ್ತಿದ್ದರು. ಅವರು ನೋಡುತ್ತಿದ್ದರು, ನಾನು ಕಾಯುತ್ತಿದ್ದೆ, ಕೆಲವು ವರ್ಷಗಳಾದ ಮೇಲೆ ಯಾವುದೋ ನೇಮಕಾತಿ ಪರೀಕ್ಷೆ ಬಂತು, ನಾನು ಪಾಸಾದೆ. ಆ ಅರ್ಜಿ ಏನಾಯಿತೆಂದು ನಾನು ಕೇಳಲಿಲ್ಲ. ಈಗಲೂ ಮೈಸೂರಿಗೆ ಹೋದರೆ ಆ ಶಾಲೆಯ ರಸ್ತೆಯಲ್ಲಿ ಬಸ್ಸು ಸಾಗುವಾಗ ನಾನು ಇನ್ನೊಂದು ಬದಿಯ ಕಿಟಕಿಗೆ ತಿರುಗಿ ಕೂರುತ್ತೇನೆ. ಐವತ್ತು ವಯಸ್ಸಾದವನಿಗೆ ಇದೆಲ್ಲ ಶೋಭೆಯಲ್ಲ.

ಹದಿನೈದು ದಿನದಲ್ಲಿ ಹನ್ನೆರಡು ಕಳೆದವು. ಫೈಲು ದಪ್ಪವಾಗುತ್ತಾ ಬಂತು. ನಮ್ಮ ಜೊತೆಗೇ ಇರುವ ಅಮ್ಮ ಭೂತಕನ್ನಡಿ ಹಿಡಿದು ದಿನಾ ಅದನ್ನು ಮೊದಲಿನಿಂದ ಓದುತ್ತಿದ್ದರು. ‘ಅಲ್ಲಿ ಊಟಕ್ಕೆ ಎಂಥ ವ್ಯವಸ್ಥೆ?’ ಎಂದು ಒಂದು ಸಾಲು ಬರೆದೂ ಇದ್ದರು. ನಾನು ಪ್ರತಿ ಪುಟದ ಕೊನೆಗೆ ‘ಚರ್ಚಿಸಿ’ ಎಂದು ಬರೆದು ಸಹಿ ಹಾಕುತ್ತಿದ್ದೆ. ಹದಿಮೂರನೆಯ ದಿನ ಬೆಳಗ್ಗೆ ಚಿನ್ಮಯಿ ಕಾಫಿ ತಂದಿಟ್ಟು ಎದುರಿಗೆ ನಿಂತಳು.

“ಅಪ್ಪ, ಬೇಡ ಅಂದ್ರೆ ಬೇಡ ಅನ್ನಿ. ನಾನು ಇಲ್ಲೇ ಬಿ.ಕಾಂ. ಸೇರ್ತೇನೆ, ಸಿಟ್ಟೂ ಮಾಡ್ಕೊಳ್ಳೋದಿಲ್ಲ. ಆದರೆ ಚರ್ಚಿಸಿ ಅಂತ ಮಾತ್ರ ಇನ್ನೊಂದು ಸಲ ಬರಿಬೇಡಿ.”

ಅವಳ ದನಿ ಸಮಾಧಾನವಾಗಿಯೇ ಇತ್ತು. ಅದೇ ನನಗೆ ಹೆಚ್ಚು ನೋವಾದದ್ದು. ಫೈಲು ತೆರೆದೆ. ಸುಮತಿ ಆಗಲೇ ಕೊನೆಯ ಟಿಪ್ಪಣಿ ಬರೆದಿದ್ದಳು: ‘ನನಗೆ ಸ್ವಂತ ಮನೆ ಬೇಕು. ಅವಳಿಗೆ ಆ ಓದು ಬೇಕು. ನಿಮಗೆ ಏನು ಬೇಕೆಂದು ಈ ಹತ್ತೊಂಬತ್ತು ಪುಟದಲ್ಲಿ ಎಲ್ಲೂ ಇಲ್ಲ.’ ನಾನು ಪೆನ್ನು ತೆಗೆದುಕೊಂಡೆ. ಚರ್ಚಿಸಿ ಎನ್ನುವಂತಿರಲಿಲ್ಲ. ಹಾಗಾಗಿ ಕಚೇರಿಯಲ್ಲಿ ದಿಕ್ಕು ತೋಚದಾಗ ನಾವೆಲ್ಲ ಬರೆಯುವ ಇನ್ನೊಂದು ಸಾಲನ್ನು ಬರೆದೆ: ‘ಇದೇ ವಿಷಯಕ್ಕೆ ಸಂಬಂಧಿಸಿದ ಹಿಂದಿನ ಕಡತವಿದ್ದಲ್ಲಿ ಹುಡುಕಿ ಲಗತ್ತಿಸಿ.’ ಇದನ್ನು ಬರೆದರೆ ಕನಿಷ್ಠ ಆರು ತಿಂಗಳಿಗೆ ಚಿಂತೆಯಿಲ್ಲ. ನಮ್ಮ ದಾಖಲೆ ಕೊಠಡಿಯಿಂದ ಹಿಂದಿನ ಕಡತ ಹೊರಗೆ ಬಂದದ್ದನ್ನು ನಾನಂತೂ ನೋಡಿಲ್ಲ.

ಆದರೆ ಸರ್ಕಾರಿ ಅಕ್ಷರದಲ್ಲಿ ಬರೆದದ್ದನ್ನೆಲ್ಲ ಪಾಲಿಸಲೇಬೇಕೆಂದು ನಂಬಿರುವ ಒಂದೇ ಒಂದು ಜೀವ ನಮ್ಮ ಮನೆಯಲ್ಲಿದೆ. ಸಂಜೆ ಕಚೇರಿಯಿಂದ ಬಂದಾಗ ಫೈಲು ಮೊಳೆಯಲ್ಲಿರಲಿಲ್ಲ, ಊಟದ ಮೇಜಿನ ಮೇಲಿತ್ತು. ಅಮ್ಮ ಕುರ್ಚಿ ಎಳೆದುಕೊಂಡು ಅದರ ಪಕ್ಕದಲ್ಲಿ ಕೂತಿದ್ದರು, ಸೆರಗಿನ ತುಂಬ ಟ್ರಂಕಿನ ಧೂಳು. ಟಿಪ್ಪಣಿ ಹಾಳೆಯಲ್ಲಿ ಅವರ ನಡುಗುವ ಅಕ್ಷರ: ‘ಹಿಂದಿನ ಕಡತ ಲಗತ್ತಿಸಿದೆ.’ ಅದರ ಕೆಳಗೆ, ಮಡಿಕೆಯಲ್ಲಿ ಹರಿದು ಹಳದಿಯಾದ ಒಂದು ಅರ್ಜಿ. ಚಿತ್ರಕಲಾ ಶಾಲೆಯದು. ನನ್ನ ಹದಿನೆಂಟು ವರ್ಷದ ಅಕ್ಷರ, ಅಂಚಿನ ತುಂಬ ಯಾರೂ ಕೇಳದಿದ್ದರೂ ನಾನು ಬಿಡಿಸಿದ್ದ ಬಳ್ಳಿ. ಎಲ್ಲ ಅಂಕಣಗಳೂ ತುಂಬಿದ್ದವು. ಪೋಷಕರ ಸಹಿಯ ಜಾಗ ಖಾಲಿ. ತಂದೆಗೆ ಹುಡುಕಲು ಕಷ್ಟವಾಗಬಾರದೆಂದು ಅಲ್ಲಿ ಪೆನ್ಸಿಲಿನಲ್ಲಿ ಸಣ್ಣದೊಂದು ಇಂಟು ಗುರುತು ಹಾಕಿದ್ದೆ. ಅದು ಮಸುಕಾಗಿ ಇನ್ನೂ ಇತ್ತು.

“ಅವರು ಬೇಡ ಅಂತ ಹೇಳಲೇ ಇಲ್ಲ ಮಗ,” ಅಮ್ಮ ಹೇಳಿದರು. “ನೋಡುವ ನೋಡುವ ಅಂತಲೇ ಇದ್ದರು. ತಾರೀಕು ದಾಟಿಹೋಯ್ತು. ಆಮೇಲೆ ಇದನ್ನು ಹರಿಯಲಿಕ್ಕೆ ಅವರಿಗೂ ಮನಸ್ಸು ಬರಲಿಲ್ಲ, ನನಗೂ ಬರಲಿಲ್ಲ.”

ಸುಮತಿ ಅಡುಗೆಮನೆಯಿಂದ ಹೊರಗೆ ಬಂದು ನಿಂತಿದ್ದಳು. ಈ ಸಲ ಕಪಾಟಿನ ಬಾಗಿಲು ತೆರೆಯಲಿಕ್ಕಲ್ಲ. ನಾನು ಅವಳ ಮುಖ ನೋಡಿದೆ. ಮೈಸೂರಿನಲ್ಲಿ ಚಿನ್ಮಯಿಗೊಂದು ಉದ್ದ ಮೇಜು ಇರುತ್ತದಂತೆ, ಕಿಟಕಿಯ ಕೆಳಗೆ ಎಂದಳು. ಇಷ್ಟೇ ಹೇಳಿದ್ದು. ಚಿನ್ಮಯಿ ತನ್ನ ಒಪ್ಪಿಗೆ ಪತ್ರವನ್ನು ತಂದು ಹಳೆಯ ಅರ್ಜಿಯ ಪಕ್ಕದಲ್ಲಿ ಇಟ್ಟಳು. ಅದರಲ್ಲೂ ಪೋಷಕರ ಸಹಿಯ ಜಾಗದಲ್ಲಿ ಪೆನ್ಸಿಲಿನ ಇಂಟು ಗುರುತು. ಇದನ್ನು ನಾನು ಅವಳಿಗೆ ಕಲಿಸಿದ ನೆನಪಿಲ್ಲ.

ಸಹಿ ಹಾಕಿದೆ. ಆದೇಶಕ್ಕಾಗಿ ಎಲ್ಲಿಗೂ ಮಂಡಿಸದೆ, ಪೂರ್ತಿ ಹೆಸರು ಬರೆದು, ಕೆಳಗೆ ಗೆರೆ ಎಳೆದೆ. ಗುರುತು ಕಂಡಲ್ಲಿಗೆ ಹೋಗುವುದು ಕೈಯ ಅಭ್ಯಾಸ ನೋಡಿ. ಅದು ಅಲ್ಲಿಗೇ ನಿಲ್ಲದೆ ಪಕ್ಕದ ಕಾಗದಕ್ಕೂ ಹೋಯಿತು.

“ಅಪ್ಪ, ಅದು ನಿಮ್ಮದು” ಎಂದಳು ಚಿನ್ಮಯಿ.

ಗೊತ್ತು ಎಂದೆ. ಸಹಿ ಹಾಕಿ ಮುಗಿಯುವವರೆಗೆ ಗೊತ್ತಿರಲಿಲ್ಲ. ಈಗ ಸೈಟಿಲ್ಲ, ಮಗಳು ಮೈಸೂರಿನಲ್ಲಿದ್ದಾಳೆ, ಸುಮತಿ ಒಲೆಯ ಮುಂದಿನಿಂದ ಒಳಗೆ ಹೊರಗೆ ಮಾಡುತ್ತಲೇ ಇದ್ದಾಳೆ. ಕೊಟ್ಟ ಶುಲ್ಕಕ್ಕೆ ಆ ಪದವಿ ತಕ್ಕುದೋ ಎಂದು ಯಾರಾದರೂ ಕೇಳಿದರೆ ನಾನು ಇನ್ನೂ ಉತ್ತರ ಹೇಳಲಾರೆ. ಫೈಲು ಮಾತ್ರ ಮೊಳೆಯಲ್ಲಿ ಹಾಗೆಯೇ ನೇತಾಡುತ್ತಿದೆ, ಎಲ್ಲ ಅಂಕಣ ಭರ್ತಿಯಾದ ನನ್ನ ಅರ್ಜಿಯೊಂದಿಗೆ. ಅದರ ಕೊನೆಯ ದಿನಾಂಕ ಮುಗಿದು ಮೂವತ್ತೆರಡು ವರ್ಷವಾಯಿತು. ನಮ್ಮ ಕಚೇರಿಯ ಲೆಕ್ಕದಲ್ಲಿ ಅದು ಅಂಥ ದೊಡ್ಡ ವಿಳಂಬವೇನಲ್ಲ.