ಬುಟ್ಟಿ ಇಲ್ಲದ ಸೈಕಲ್

ಮುನ್ನೂರ ಅರವತ್ತೈದು ದಿನವೂ ಸೈಕಲ್! ಬಿಸಿಲಿರಲಿ, ಮಳೆಯಿರಲಿ, ಮೊಣಕಾಲುದ್ದ ಹಿಮ ಬಿದ್ದಿರಲಿ, ಇನ್ನು ಮುಂದೆ ಈ ತೊಗಾಶಿ ಆಫೀಸಿಗೆ ಹೋಗುವುದಾದರೆ ಸೈಕಲ್ ಮೇಲೆಯೇ! ಹೀಗೆಂದು ನಾನು ಊಟದ ಮೇಜು ಗುದ್ದಿ ಘೋಷಿಸಿದಾಗ ಮಿಸೋ ಸಾರಿನ ಬಟ್ಟಲುಗಳು ಕೂಡ ಗೌರವದಿಂದ ಒಮ್ಮೆ ಎದ್ದು ಕುಳಿತವು. ಹೆಂಡತಿ ಫುಮಿಯೆ ಮಾತ್ರ ಅಲುಗಲಿಲ್ಲ.

"ಅಧಿಕ ವರ್ಷ ಬಂದ್ರೆ ಏನ್ಮಾಡ್ತೀರಿ? ಮಿಕ್ಕ ಒಂದು ದಿನ ರಜಾನಾ?" ಎಂದಳು.

ಇಂಥವರ ನಡುವೆ ನಾನು ಮಹಾಸಾಧನೆ ಮಾಡಬೇಕು ನೋಡಿ! ಸಂಗತಿ ಇಷ್ಟೇ. ಫುಮಿಯೆಗೆ ಊರಾಚೆಯ ವೃದ್ಧಾಶ್ರಮದಲ್ಲಿ ಕೆಲಸ ಸಿಕ್ಕಿತು, ಕಾರು ಅವಳ ಪಾಲಾಯಿತು. ನನ್ನ ಪಾಲಿಗೆ ಉಳಿದದ್ದು ಬಸ್ಸು. ಔಷಧಿ ಕಂಪನಿಯ ಪ್ಯಾಕಿಂಗ್ ವಿಭಾಗದ ಉಪಮುಖ್ಯಸ್ಥ ಬಸ್ಸಿನ ಕಂಬಿಗೆ ನೇತಾಡುತ್ತಾ ಹೋಗುವುದೇ? ಸಾಧ್ಯವೇ ಇಲ್ಲ! ನಮ್ಮ ತೊಯಾಮಾ ಊರು ರೊಟ್ಟಿ ಲಟ್ಟಿಸುವ ಮಣೆಯಷ್ಟು ಸಪಾಟು. ಸೈಕಲ್‌ಗೆ ಹೇಳಿ ಮಾಡಿಸಿದ ಊರು. ಆದರೆ ಚಳಿಗಾಲ ಬಂತೆಂದರೆ ಮೇಲಿನಿಂದ ಹಿಮ ಬೀಳುತ್ತದೆ, ಅದನ್ನು ಕರಗಿಸಲು ರಸ್ತೆಯೊಳಗಿನ ಕೊಳವೆಗಳಿಂದ ನೀರು ಚಿಮ್ಮುತ್ತದೆ. ಎರಡು ಕಡೆಯಿಂದಲೂ ಅಭಿಷೇಕ! ಅಂಥ ಊರಲ್ಲಿ ವರ್ಷವಿಡೀ ಓಡಬೇಕಾದ ಸೈಕಲ್ ಯುದ್ಧದ ಕುದುರೆಯಂತಿರಬೇಡವೇ?

ನಮ್ಮ ಬೀದಿಯ ತಿರುವಿನಲ್ಲೇ ಮುರೊಯಿ-ಸಾನ್ ಅವರ ಸೈಕಲ್ ಅಂಗಡಿ. ವಯಸ್ಸು ಎಂಬತ್ತರ ಹತ್ತಿರ, ಹಟ ಎಂಟು ವರ್ಷದ ಮಗುವಿನದು. ಹೋಗಿ ಎದೆಯುಬ್ಬಿಸಿ ಹೇಳಿದೆ.

"ಮುರೊಯಿ-ಸಾನ್, ನನಗೊಂದು ಗಟ್ಟಿ ಸೈಕಲ್ ಬೇಕು. ಉಕ್ಕಿನ ಫ್ರೇಮು, ದಪ್ಪ ಟೈರು, ಉದ್ದನೆ ಮಡ್‌ಗಾರ್ಡು, ಪೂರ್ತಿ ಮುಚ್ಚಿರೋ ಚೈನು, ಚಕ್ರದ ಒಳಗೇ ಡೈನಮೊ, ಹಿಮ ಬಿದ್ರೆ ಹಾಕೋಕೆ ಮೊಳೆ ಇರೋ ಟೈರು!"

ಮುರೊಯಿ-ಸಾನ್ ಎಲ್ಲ ಕೇಳಿಸಿಕೊಂಡು, "ಬುಟ್ಟಿ?" ಎಂದರು.

"ಬುಟ್ಟಿ ಬೇಡ."

"ಬುಟ್ಟಿ ಇಲ್ಲದ ಸೈಕಲ್ಲಾ! ಮೂಲಂಗಿ ಎಲ್ಲಿಡ್ತೀರಿ?"

"ನಾನು ಮೂಲಂಗಿ ತರೋಕೆ ಹೋಗ್ತಿಲ್ಲ ಸ್ವಾಮಿ, ಆಫೀಸಿಗೆ ಹೋಗ್ತಿದೀನಿ!"

"ಆಫೀಸಿಂದ ವಾಪಸ್ಸು ಬರ್ತೀರಲ್ವಾ? ದಾರೀಲೇ ತರಕಾರಿ ಅಂಗಡಿ ಇದೆ."

ಇಷ್ಟು ಹೇಳಿ ಮೂಲೆಯಲ್ಲಿದ್ದ ಬೆಳ್ಳಿ ಬಣ್ಣದ ಹೆಂಗಸರ ಸೈಕಲ್ ತೋರಿಸಿದರು. ಮುಂದೆ ಒಂದು ಕೂಸನ್ನು ಮಲಗಿಸುವಷ್ಟು ದೊಡ್ಡ ಬುಟ್ಟಿ. "ನಿಮ್ಮ ಹೊಟ್ಟೆಗೆ ಇದೇ ಸರಿ, ಹತ್ತಿ ಇಳಿಯೋಕೆ ಸುಲಭ" ಎಂದರು. ನನ್ನ ಹೊಟ್ಟೆಯ ವಿಷಯ ಎತ್ತಿದ ಮೇಲೆ ಅಲ್ಲಿ ನಿಲ್ಲುವ ಮಾತೇ ಇಲ್ಲ. ಮನೆಗೆ ಬಂದವನೇ ಫೋನಿನಲ್ಲಿ ಹುಡುಕಿ, ನಾನು ಹೇಳಿದ್ದೆಲ್ಲ ಇರುವ, ಬುಟ್ಟಿ ಮಾತ್ರ ಇಲ್ಲದ ಒಂದು ಕಡುಹಸಿರು ಸೈಕಲ್ ತರಿಸಿಯೇಬಿಟ್ಟೆ.

ಬಾಗಿಲ ಮುಂದೆ ಬಂದಿಳಿದ ರಟ್ಟಿನ ಪೆಟ್ಟಿಗೆ ನೋಡಿ ಫುಮಿಯೆ ತಲೆ ಮೇಲೆ ಕೈ ಹೊತ್ತು ಕುಳಿತಳು.

"ರೀ, ನಿಮಗೆ ಬುದ್ಧಿ ಇದ್ಯಾ? ನಾನು ಮದುವೆಯಾಗಿ ಈ ಊರಿಗೆ ಬಂದಾಗ ನನಗೆ ಸೈಕಲ್ ಕಲಿಸಿದೋರು ಯಾರು? ಮುರೊಯಿ-ಸಾನ್ ತಾನೆ? ಹಿಂದೆ ಕ್ಯಾರಿಯರ್ ಹಿಡ್ಕೊಂಡು ಈ ಬೀದಿ ಉದ್ದಕ್ಕೂ ಓಡಿದ್ರು. ಪ್ರತಿ ವರ್ಷ ಒಣಗಿಸಿದ ಕಾಕಿ ಹಣ್ಣು ತಂದು ಕೊಡ್ತಾರೆ. ಬೀದೀಲೇ ಅಂಗಡಿ ಇಟ್ಕೊಂಡು, ನಾವು ಬೇರೆ ಕಡೆಯಿಂದ ಸೈಕಲ್ ತಂದ್ರೆ ಆ ಜೀವ ಎಷ್ಟು ನೊಂದ್ಕೊಳ್ಳತ್ತೆ! ನಾನು ಯಾವ ಮುಖ ಇಟ್ಕೊಂಡು ಅವರ ಮುಂದೆ ಓಡಾಡ್ಲಿ?"

"ಅವರಿಗೆ ಗೊತ್ತಾದ್ರೆ ತಾನೇ?" ಎಂದೆ.

ಮರುದಿನ ಭಾನುವಾರ, ಚಾಪೆಯ ಕೋಣೆಯೇ ಕಾರ್ಖಾನೆ! ಸೈಕಲ್ ಜೋಡಿಸುವುದೇನು ಬ್ರಹ್ಮವಿದ್ಯೆಯೇ? ಹ್ಯಾಂಡಲ್ ಸಿಕ್ಕಿಸಿದೆ, ಸೀಟು ಏರಿಸಿದೆ. ಎಡಗಡೆಯ ಪೆಡಲ್ ಮಾತ್ರ ಒಳಗೆ ಹೋಗಲು ತಕರಾರು ಮಾಡಿತು. ಬಲಗಡೆಯದನ್ನು ಯಾವ ಕಡೆಗೆ ತಿರುಗಿಸಿದ್ದೆನೋ ಅದೇ ಕಡೆಗೆ, ಹಲ್ಲು ಕಚ್ಚಿ, ಶಕ್ತಿಯೆಲ್ಲ ಹಾಕಿ ತಿರುಗಿಸಿದೆ. ಕರ್ರ್ ಎಂದು ಕಿರುಚಿ ಶರಣಾಯಿತು. ಕೊನೆಗೆ ಒಂದು ಹಿಡಿ ಸ್ಕ್ರೂಗಳು ಮಿಕ್ಕವು.

"ಇವೆಲ್ಲಾ ಏನು?" ಎಂದಳು ಫುಮಿಯೆ.

"ಧಾರಾಳಿಗಳು ಕಣೆ! ಹೆಚ್ಚಿಗೇ ಹಾಕಿ ಕಳಿಸಿದಾರೆ" ಎಂದೆ.

ಸೋಮವಾರ ಬೆಳಿಗ್ಗೆ ಮೂಗಿಗೆ ಮಾಸ್ಕು, ಕಣ್ಣಿಗೆ ಕಪ್ಪು ಕನ್ನಡಕ, ಕಿವಿ ಮುಚ್ಚುವ ಟೋಪಿ ಹಾಕಿ ಹೊರಟೆ. ಬ್ಯಾಂಕಿನ ಮುಂದೆ ಹೋಗಿದ್ದರೆ ಪೊಲೀಸರು ಖಂಡಿತ ಹಿಡಿಯುತ್ತಿದ್ದರು. ಮುರೊಯಿ-ಸಾನ್ ಅಂಗಡಿಯ ಮುಂದೆ ಕಸ ಗುಡಿಸುತ್ತಿದ್ದವರು, ನಾನು ಹತ್ತಿರ ಬರುತ್ತಿದ್ದಂತೆ ಪೊರಕೆ ಹಿಡಿದು ಒಳಗೆ ಹೋಗಿ ಶಟರನ್ನು ಅರ್ಧ ಎಳೆದುಕೊಂಡರು. ಮರುದಿನವೂ ಅಷ್ಟೇ, ಅದರ ಮರುದಿನವೂ ಅಷ್ಟೇ. "ನೋಡಿದ್ಯಾ! ನನ್ನ ಗುರುತೇ ಸಿಗಲಿಲ್ಲ" ಎಂದು ಫುಮಿಯೆಯ ಮುಂದೆ ಕೊಚ್ಚಿಕೊಂಡೆ. ಅವಳು ನನ್ನನ್ನೇ ಒಂದು ಗಳಿಗೆ ನೋಡಿ, ಚಹಾ ಬಗ್ಗಿಸಿದಳು.

ಸೈಕಲ್ಲಿಗೆ ಸಣ್ಣಪುಟ್ಟ ಬೇನೆಗಳಿದ್ದದ್ದು ನಿಜ. ಹ್ಯಾಂಡಲ್ ಕುಡಿದವನಂತೆ ತೂರಾಡುತ್ತಿತ್ತು. ಬ್ರೇಕ್ ಹಿಡಿದರೆ ಬೀದಿಯ ನಾಯಿಗಳೆಲ್ಲ ಉತ್ತರ ಕೊಡುತ್ತಿದ್ದವು. ಎಡ ಪೆಡಲ್ ಟಕ್ ಟಕ್ ಎಂದು ಲೆಕ್ಕ ಹಾಕುತ್ತಿತ್ತು. ಮುಂದಿನ ದೀಪವಂತೂ ರಸ್ತೆಯನ್ನು ಬಿಟ್ಟು ನನ್ನ ಬೂಟುಗಳನ್ನೇ ಬೆಳಗುತ್ತಿತ್ತು. ಕತ್ತಲಲ್ಲಿ ಬೂಟು ಕೊಳೆಯಾಗದಿರಲೆಂದು ಮಾಡಿರಬೇಕು, ಎಂಥ ದೂರದೃಷ್ಟಿ ಎಂದು ಮೆಚ್ಚಿಕೊಂಡೆ!

ಆಮೇಲೆ ನಡೆಯಿತು ನೋಡಿ ಪವಾಡ. ಒಂದು ಬೆಳಿಗ್ಗೆ ಹೊರಟರೆ ಹ್ಯಾಂಡಲ್ ನೆಟ್ಟಗೆ ನಿಂತಿದೆ, ದೀಪ ರಸ್ತೆಯ ಕಡೆ ತಿರುಗಿದೆ! ಕೆಲವು ದಿನ ಬಿಟ್ಟು ಬ್ರೇಕಿನ ಅರಚಾಟ ನಿಂತಿತು. ಮತ್ತೊಂದು ಬೆಳಿಗ್ಗೆ ಪೆಡಲಿನ ಲೆಕ್ಕಾಚಾರ ಮುಗಿದಿತ್ತು. ನನಗೆ ಆಶ್ಚರ್ಯವೇ ಆಗಲಿಲ್ಲ. ಒಳ್ಳೆಯ ಸೈಕಲ್ ತನ್ನ ಯಜಮಾನನಿಗೆ ತಾನೇ ಪಳಗುತ್ತದೆ!

ಈ ಸಿದ್ಧಾಂತವನ್ನು ಆಫೀಸಿನ ಬೆಳಗಿನ ಸಭೆಯಲ್ಲೂ ಮಂಡಿಸಿದೆ. ದಿನಕ್ಕೊಬ್ಬರು ಎದ್ದು ನಾಲ್ಕು ಮಾತಾಡುವುದು ನಮ್ಮಲ್ಲಿ ಪದ್ಧತಿ. ನನ್ನ ಸರದಿ ಬಂದಾಗ ನಾನು ಆಡಿದ್ದು ನಾನೂರು. "ಮೊದಲು ಮಡ್‌ಗಾರ್ಡ್ ನೋಡಿ, ಬಣ್ಣ ಆಮೇಲೆ ನೋಡಿ! ಹೊರಗೆ ಕಾಣೋ ಚೈನು ರಸ್ತೆ ನೀರಿಗೆ ತುಕ್ಕು ಹಿಡಿಯತ್ತೆ. ಸ್ಟ್ಯಾಂಡು ಎರಡು ಕಾಲಿಂದಿರ್ಲಿ. ಹ್ಯಾಂಡಲ್ಲಿಗೆ ಗವಸು ಹಾಕಿ, ಕೈ ಬೆಚ್ಚಗಿರತ್ತೆ. ಮತ್ತೆ, ಸೈಕಲ್ಲನ್ನ ನಿಮ್ಮ ಕೈಯಾರೆ ಜೋಡಿಸಿ! ಆಗ ಅದರ ರೋಗ ರಾತ್ರೋರಾತ್ರಿ ತಾನೇ ವಾಸಿಯಾಗತ್ತೆ!"

ಕಿರಿಯ ಸಹೋದ್ಯೋಗಿ ಇನಾಗಾಕಿ ಕೈ ಎತ್ತಿದ. "ತೊಗಾಶಿ-ಸಾನ್, ಹಿಮ ಬಿದ್ದ ದಿನಾನೂ ಬರ್ತೀರಾ?"

"ಹಿಮ ನನಗೆ ದಾರಿ ಬಿಡತ್ತೆ ಕಣಯ್ಯಾ!"

ಬಾಯಿ ಬಿಟ್ಟದ್ದಷ್ಟೇ ತಡ, ಅಂದು ಸಂಜೆಯೇ ಕಡಲ ಕಡೆಯಿಂದ ಗುಡುಗು ಶುರುವಾಯಿತು. ಬುರಿ ಮೀನನ್ನು ಎಬ್ಬಿಸುವ ಗುಡುಗು ಎನ್ನುತ್ತಾರೆ ನಮ್ಮವರು. ಅದು ಗುಡುಗಿತೆಂದರೆ ಹಿಮ ಹೊಸ್ತಿಲಲ್ಲಿ ನಿಂತಿದೆಯೆಂದೇ ಅರ್ಥ. ಮೊಳೆ ಟೈರು ತೆಗೆದುಕೊಂಡು ಚಕ್ರದ ಜೊತೆ ಕುಸ್ತಿಗಿಳಿದೆ. ಒಂದು ಕಡೆ ಒಳಗೆ ತಳ್ಳಿದರೆ ಇನ್ನೊಂದು ಕಡೆ ಹೊರಗೆ ಬರುತ್ತದೆ. ಬೆರಳೆಲ್ಲ ಗೀರಿ, ಸೊಂಟ ಹಿಡಿದು, ಚಕ್ರ ಹಾಗೇ ಬಿಟ್ಟು ಎದ್ದೆ. "ಜ್ವರ ಬರೋ ಹಾಗಿದೆ, ನಾಳೆ ರಜಾ ಹಾಕಬೇಕೇನೋ" ಎಂದು ನಾಲ್ಕು ಸಲ ಕೆಮ್ಮಿ ಮಲಗಿಬಿಟ್ಟೆ.

ಬೆಳಗಿನ ಜಾವ ಎಚ್ಚರವಾಯಿತು. ಪಕ್ಕದ ಹಾಸಿಗೆ ಖಾಲಿ. ಹೊರಗೆ ಏನೋ ಪಿಸುಮಾತು. ಕಿಟಕಿಯ ಪರದೆ ಸರಿಸಿದವನು ಹಾಗೇ ನಿಂತುಬಿಟ್ಟೆ. ಬೀದಿಯೆಲ್ಲ ಬೆಳ್ಳಗಾಗಿದೆ. ಸೂರಿನ ಕೆಳಗೆ ನನ್ನ ಸೈಕಲ್ ಮುಂದೆ ಮುರೊಯಿ-ಸಾನ್ ಕುಕ್ಕರಗಾಲಲ್ಲಿ ಕುಳಿತು ಮೊಳೆ ಟೈರು ಏರಿಸುತ್ತಿದ್ದಾರೆ. ಫುಮಿಯೆ ಒಂದು ಕೈಯಲ್ಲಿ ಅವರ ತಲೆ ಮೇಲೆ ಕೊಡೆ, ಇನ್ನೊಂದು ಕೈಯಲ್ಲಿ ಟಾರ್ಚು ಹಿಡಿದು ನಿಂತಿದ್ದಾಳೆ.

"ಈ ಚಳೀಲಿ ನಿಮಗೆ ಎಷ್ಟು ತೊಂದ್ರೆ!" ಎನ್ನುತ್ತಿದ್ದಳು.

"ತೊಂದ್ರೆ ಏನು ಬಂತು ತಾಯಿ. ಎಡ ಪೆಡಲನ್ನ ಉಲ್ಟಾ ತಿರುಗಿಸಿ ತುರುಕಿ, ಚಕ್ರ ಹಿಡಿಯೋ ಫೋರ್ಕನ್ನೇ ಹಿಂದುಮುಂದಾಗಿ ಹಾಕ್ಕೊಂಡು ನನ್ನ ಅಂಗಡಿ ಮುಂದೇನೇ ದಿನಾ ಹೋಗ್ತಾ ಇದ್ರೆ, ನನಗೆ ಗಂಟಲಲ್ಲಿ ಅನ್ನ ಇಳಿಯತ್ತಾ? ಎಲ್ಲಾದ್ರೂ ಬಿದ್ದು ಮುಖ ಒಡ್ಕೊಂಡಿದ್ರೆ?"

"ನಾನೇ ಅವರಿಗೆ ಹೇಳಿಬಿಡ್ಲಾ?"

"ಬೇಡ ಬೇಡ! ತಾನೇ ಜೋಡಿಸಿದ್ದು ಅಂತ ಪಾಪ, ಎಷ್ಟು ಖುಷಿಯಾಗಿದಾರೆ! ನನ್ನ ಕಂಡ್ರೆ ನಾಚ್ಕೊಂಡು ಮುಖ ಮುಚ್ಕೊಳ್ತಾರೆ ಅಂತ ನಾನೇ ಒಳಗೆ ಹೋಗಿ ಶಟರ್ ಎಳ್ಕೊಳ್ತೀನಿ. ಆದ್ರೂ ಒಂದು ಬುಟ್ಟಿ ಇದ್ದಿದ್ರೆ..."

ನನ್ನ ಕಣ್ಣು ಮಂಜಾಯಿತು. ನಾಚಿಕೆಯಾಯಿತು, ಬಹಳ ನಾಚಿಕೆಯಾಯಿತು. ಫುಮಿಯೆಗೆ ಸೈಕಲ್ ಕಲಿಸುವಾಗ ಕ್ಯಾರಿಯರ್ ಹಿಡಿದು ಓಡಿದ ಮನುಷ್ಯ, ಈಗ ನನ್ನ ಕ್ಯಾರಿಯರನ್ನೂ ಹಿಡಿದುಕೊಂಡೇ ಬಂದಿದ್ದಾರೆ. ನಾನೋ ನಾನೇ ಓಡಿಸುತ್ತಿದ್ದೇನೆಂದು ಊರೆಲ್ಲ ಡಂಗುರ ಸಾರುತ್ತಿದ್ದೆ!

ಓಡಿಹೋಗಿ ಕೈ ಹಿಡಿಯೋಣವೆಂದು ಹೊರಟೆ. ಬಾಗಿಲವರೆಗೆ ಹೋದವನಿಗೆ ಜ್ಞಾನೋದಯವಾಯಿತು. ನಾನೀಗ ಹೊರಗೆ ಹೋದರೆ ಮುರೊಯಿ-ಸಾನ್ ನಾಚುತ್ತಾರೆ, ಫುಮಿಯೆ ನಾಚುತ್ತಾಳೆ, ಇಷ್ಟು ದಿನ ಆ ಜೀವ ನನ್ನ ಮಾನ ಕಾಪಾಡಿದ್ದೆಲ್ಲ ಹಿಮದ ನೀರಲ್ಲಿ ಕೊಚ್ಚಿಹೋಗುತ್ತದೆ. ಬೆಕ್ಕಿನ ಹೆಜ್ಜೆಯಲ್ಲಿ ಹಿಂದಿರುಗಿ, ಹೊದಿಕೆ ತಲೆವರೆಗೆ ಎಳೆದು, ಅವರಿಗೆ ಧೈರ್ಯ ಬರಲೆಂದು ಗಟ್ಟಿಯಾಗಿ ಗೊರಕೆ ಹೊಡೆದೆ. ಗುರ್‍ರ್! ಗುರ್‍ರ್! ನಟನೆ ಅಂದರೆ ಅದು!

ಆ ದಿನ ಹಿಮದಲ್ಲೇ ಆಫೀಸು ತಲುಪಿದೆ. ಇನಾಗಾಕಿ ಚಪ್ಪಾಳೆ ತಟ್ಟಿದ. ನನ್ನ ತಲೆಯಲ್ಲಿ ಮಾತ್ರ ಒಂದೇ ಯೋಚನೆ. ಋಣ ತೀರಿಸಬೇಕು, ಆದರೆ ಗೊತ್ತಾಗಿದೆ ಎಂದು ತೋರಿಸಬಾರದು. ಉಪಾಯ ಹೊಳೆಯಿತು! ನಾನೇ ಏನಾದರೂ ಕೆಡಿಸಿ, ಗಿರಾಕಿಯಾಗಿ ಹಗಲಲ್ಲೇ ಅವರ ಅಂಗಡಿಗೆ ಹೋಗುವುದು. ಅಂದು ಸಂಜೆ ಬೆಲ್ಲಿನ ಸ್ಕ್ರೂ ಸಡಿಲಿಸಿ ಮಲಗಿದೆ. ಬೆಳಿಗ್ಗೆ ನೋಡಿದರೆ ಬೆಲ್ಲು ಬಿಗಿ! ಮರುದಿನ ದೀಪದ ತಂತಿ ಬಿಚ್ಚಿದೆ. ಬೆಳಿಗ್ಗೆ ಸೂರ್ಯನಂತೆ ಉರಿಯುತ್ತಿದೆ! ಅದರ ಮರುದಿನ ಸಿಟ್ಟು ಬಂದು ಸೀಟನ್ನೇ ಅಡ್ಡಡ್ಡ ತಿರುಗಿಸಿಟ್ಟೆ. ಬೆಳಿಗ್ಗೆ ನೆಟ್ಟಗೆ, ಮೇಲೆ ಒರೆಸಿ ಹೊಳಪು ಬೇರೆ!

ಆ ದಿನ ಅಂಗಡಿ ದಾಟುವಾಗ ಅರ್ಧ ಇಳಿದ ಶಟರಿನ ಒಳಗಿನಿಂದ ಕೆಮ್ಮು ಕೇಳಿಸಿತು. ಗೂರಲು ಕೆಮ್ಮು, ಬಿಡದೆ ಬರುವ ಕೆಮ್ಮು. ಅಯ್ಯೋ ಪಾಪಿ! ಉಪಕಾರ ತೀರಿಸುತ್ತೇನೆಂದು ಹೊರಟು, ಎಂಬತ್ತರ ಮುದುಕರನ್ನು ದಿನಾ ಹಿಮದಲ್ಲಿ ಎಬ್ಬಿಸಿ ಕೂರಿಸಿದ್ದೇನೆ!

ಸಂಜೆ ಆಫೀಸಿನಿಂದ ನೇರ ಅಲ್ಲಿಗೇ ಹೋದೆ. ಮಾಸ್ಕು, ಕನ್ನಡಕ, ಟೋಪಿ ಮೂರನ್ನೂ ಕಿತ್ತು ಜೇಬಿಗೆ ತುರುಕಿ, ಶಟರಿನ ಕೆಳಗೆ ತಲೆ ತಗ್ಗಿಸಿ ಒಳಗೆ ನುಗ್ಗಿದೆ. ಮುರೊಯಿ-ಸಾನ್ ಗಾಬರಿಯಿಂದ ಎದ್ದು ನಿಂತರು. ಅಡಗಿಕೊಳ್ಳಲು ಅವರಿಗೆ ಜಾಗ ಇರಲಿಲ್ಲ, ನನಗೂ ಇರಲಿಲ್ಲ.

"ಮುರೊಯಿ-ಸಾನ್, ಒಂದು... ಒಂದು ಬುಟ್ಟಿ ಬೇಕಿತ್ತು."

"ಏನಂದ್ರಿ?"

"ಬುಟ್ಟಿ. ಮೂಲಂಗಿ ಇಡೋಕೆ."

ಅವರು ಆ ಕಡೆ ತಿರುಗಿ, ಎಣ್ಣೆ ಬಟ್ಟೆಯಲ್ಲೇ ಮೂಗು ಒರೆಸಿಕೊಂಡು ಕಪ್ಪು ಮೀಸೆ ಬರೆದುಕೊಂಡರು. ಆಮೇಲೆ ಬೆಂಚಿನ ಕೆಳಗೆ ಕೈ ಹಾಕಿ ಬೆಳ್ಳಿ ಬಣ್ಣದ ಬುಟ್ಟಿ ಎಳೆದರು. ಅದರ ಹಿಡಿಕೆಗಳನ್ನು ಆಗಲೇ ನನ್ನ ಸೈಕಲ್ಲಿನ ಅಗಲಕ್ಕೆ ಬಗ್ಗಿಸಿಟ್ಟಿದ್ದರು! ಕೂರಿಸಿದರೆ ಹುಟ್ಟಿದಾಗಿನಿಂದ ಅಲ್ಲೇ ಇತ್ತೇನೋ ಎಂಬಂತೆ ಕೂತಿತು.

"ಅಳತೆ ಹೇಗೆ ಗೊತ್ತಾಯ್ತು?" ಎಂದುಬಿಟ್ಟೆ. ತಕ್ಷಣ ನಾಲಿಗೆ ಕಚ್ಚಿಕೊಂಡೆ.

"ಅಂದಾಜು" ಎಂದರು ಮುರೊಯಿ-ಸಾನ್, ಮುಖ ನೋಡದೆ. "ಗಟ್ಟಿ ಸೈಕಲ್ಲು. ಜೋಡಿಸಿದೋರು ಯಾರು?"

"ಪಳಗಿದ ಕೈ" ಎಂದು ಸೊಂಟ ಬಗ್ಗಿಸಿ ನಮಸ್ಕರಿಸಿದೆ. ಎಷ್ಟು ಹೊತ್ತು ಬಗ್ಗಿದ್ದೆನೋ, ಏಳುವಾಗ ಸೊಂಟ ಹಿಡಿದಿತ್ತು. ಚೀಲದಿಂದ ನಮ್ಮ ಕಂಪನಿಯ ಕೆಮ್ಮಿನ ಔಷಧಿ ತೆಗೆದು ಬೆಂಚಿನ ಮೇಲಿಟ್ಟೆ.

"ನನಗೆ ಕೆಮ್ಮು ಅಂತ ಯಾರು ಹೇಳಿದ್ದು?"

"ಅಂದಾಜು" ಎಂದೆ.

ಇಬ್ಬರೂ ನಗಲಿಲ್ಲ. ನಕ್ಕರೆ ಎಲ್ಲ ಕೆಡುತ್ತಿತ್ತು.

ಬುಟ್ಟಿಯಲ್ಲಿ ತೊಡೆಗಾತ್ರದ ಮೂಲಂಗಿ ಇಟ್ಟುಕೊಂಡು, ಬರೀ ಮುಖದಲ್ಲಿ, ಬೀದಿಯ ನಡುವೆಯೇ ಮನೆಗೆ ಬಂದೆ. ಫುಮಿಯೆ ಬಾಗಿಲಲ್ಲೇ ನಿಂತು ಬುಟ್ಟಿಯನ್ನು ನೋಡಿದಳು, ನನ್ನನ್ನು ನೋಡಿದಳು. ಅವಳ ಕಣ್ಣು ತುಂಬಿತು.

"ಏನೋ ಮನಸ್ಸಾಯ್ತು, ತಗೊಂಡೆ" ಎಂದೆ ಗಾಂಭೀರ್ಯದಿಂದ. "ನೀನೇನೂ ಕೇಳ್ಬೇಡ. ನನಗೇನೂ ಗೊತ್ತಿಲ್ಲ."

"ಸುಮ್ನಿರಿ, ನೀವು ಎಲ್ಲಾ ನೋಡಿದೀರಿ ಅಂತ ನಮ್ಮಿಬ್ಬರಿಗೂ ಆವತ್ತೇ ಗೊತ್ತಾಯ್ತು!"

"ಸಾಧ್ಯವೇ ಇಲ್ಲ! ನಾನು ಗಾಢನಿದ್ದೆಯಲ್ಲಿದ್ದೆ! ಗೊರಕೆ ಹೊಡೀತಾ ಇದ್ದೆ!"

ಫುಮಿಯೆ ಮೂಲಂಗಿಯನ್ನು ಎದೆಗೆ ಅವಚಿಕೊಂಡು ಬಿದ್ದು ಬಿದ್ದು ನಕ್ಕಳು.

"ಅದಕ್ಕೇ ಹೇಳಿದ್ದು! ಮದುವೆಯಾದಾಗಿಂದ ನೀವು ಒಂದೇ ಒಂದು ದಿನಾನೂ ಗೊರಕೆ ಹೊಡೆದೋರಲ್ಲ. ಆವತ್ತು ಆ ಸದ್ದು ಕೇಳಿ ಮುರೊಯಿ-ಸಾನ್ ಕೈಲಿದ್ದ ಸ್ಪ್ಯಾನರ್ ಬೀಳಿಸಿ, 'ಯಾಕಮ್ಮಾ, ನಾನಿಲ್ಲಿ ಟೈರ್ ಹಾಕ್ತಾ ಇದ್ರೆ ಒಳಗೆ ಯಾರು ಆಗಲೇ ಪಂಪ್ ಹೊಡೀತಿರೋದು?' ಅಂದ್ರು!"