ಪುಟ್ಟಲಕ್ಷ್ಮಮ್ಮನ ಹೋಟೆಲನ್ನು ನಾನು ಉಳಿಸಿದ ಬಗೆ

ಚನ್ನರಾಯಪಟ್ಟಣದಲ್ಲಿ ಬುದ್ಧಿವಂತರಿಗೆ ಬರವಿಲ್ಲ. ಅವರಲ್ಲಿ ನಾನೂ ಒಬ್ಬ ಎಂಬ ಬಗ್ಗೆ ಕಳೆದ ಧನುರ್ಮಾಸದವರೆಗೆ ನನಗೆ ಯಾವ ಅನುಮಾನವೂ ಇರಲಿಲ್ಲ. ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿ ನಿವೃತ್ತನಾದವನು ನಾನು. ಸ್ವಾಗತ ಭಾಷಣ, ಬಿನ್ನವತ್ತಳೆ, ಶ್ರದ್ಧಾಂಜಲಿ, ಯಾವುದು ಬೇಕೆಂದರೂ ಕೂತ ಜಾಗದಲ್ಲೇ ಬರೆದುಕೊಡಬಲ್ಲೆ. ಇಂಥ ನನಗೆ ಒಂದು ಪುಟ್ಟ ಹೋಟೆಲನ್ನು ಉಳಿಸುವುದು ಯಾವ ಮಹಾ ಕೆಲಸ!

ಹೋಟೆಲು ಪುಟ್ಟಲಕ್ಷ್ಮಮ್ಮನದು. ನಮ್ಮ ಬೀದಿಯ ಕೊನೆಯಲ್ಲಿ ನಾಲ್ಕು ಬೆಂಚು, ಎರಡು ಒಲೆ, ಬೋರ್ಡಿಲ್ಲ. ಗಂಡ ತೀರಿಕೊಂಡ ಮೇಲೂ ಛಲ ಬಿಡದೆ ಒಬ್ಬರೇ ನಡೆಸಿಕೊಂಡು ಬಂದ ಹೆಂಗಸು. ಬೆಳಗ್ಗೆ ಇಡ್ಲಿ, ದೋಸೆ, ಮಧ್ಯಾಹ್ನ ಮುದ್ದೆ, ಸಾರು. ಹಾಸನದ ಬಸ್ಸುಗಳೆಲ್ಲ ಊರೊಳಗೇ ಹಾದುಹೋಗುತ್ತಿದ್ದ ಕಾಲದಲ್ಲಿ ಅಲ್ಲಿ ನಿಲ್ಲುವುದಕ್ಕೂ ಜಾಗವಿರುತ್ತಿರಲಿಲ್ಲ. ಆಮೇಲೆ ಬೈಪಾಸ್ ಬಂತು. ಬೈಪಾಸಿನ ಪಕ್ಕದಲ್ಲಿ ಗಾಜಿನ ಬಾಗಿಲಿನ ದೊಡ್ಡ ಹೋಟೆಲೂ ಬಂತು. ದೂರದ ಪ್ರಯಾಣಿಕರು ಅಲ್ಲಿ ತಿಂದರೆ ಅರ್ಥವಿದೆ. ನಮ್ಮೂರ ಮಹನೀಯರು ಭಾನುವಾರ ಹೆಂಡತಿ ಮಕ್ಕಳನ್ನು ಕಾರಿಗೆ ತುಂಬಿಕೊಂಡು ಅಲ್ಲಿಗೇ ಹೋಗುತ್ತಾರೆ! ಮುಕ್ಕಾಲು ಗಂಟೆ ಕಾದು, ಹಪ್ಪಳದಂಥ ದೋಸೆ ತಿಂದು, ಅದರ ಫೋಟೋ ಹೊಡೆದು, ಊರಿಗೆ ವಾಪಸ್ ಬಂದು, "ಏನೇ ಹೇಳಿ, ನಮ್ಮ ಪುಟ್ಟಲಕ್ಷ್ಮಮ್ಮನ ದೋಸೆ ಮುಂದೆ ಅದೇನೂ ಅಲ್ಲ ಬಿಡಿ" ಅನ್ನುತ್ತಾರೆ. ನಮ್ಮೂರಿನವರ ಪ್ರೀತಿಯೇ ಇಂಥದ್ದು. ಹೊಗಳುವುದು ಇಲ್ಲಿ, ತಿನ್ನುವುದು ಅಲ್ಲಿ.

ಒಂದು ದಿನ ನಾನು ಕಾಫಿ ಕುಡಿಯುತ್ತಿದ್ದಾಗ ಪುಟ್ಟಲಕ್ಷ್ಮಮ್ಮ ಸೌಟು ಹಿಡಿದುಕೊಂಡೇ ಪಕ್ಕಕ್ಕೆ ಬಂದು ನಿಂತರು.

"ಸಾ, ಸಂಕ್ರಾಂತಿ ಗಂಟ ನೋಡ್ತೀನಿ. ಆಗ್ಲೂ ಯಾಪಾರ ಇಂಗೇ ಇದ್ರೆ ಬಾಗ್ಲಾಕ್ಬುಡ್ತೀನಿ. ಬೈಪಾಸ್ ಓಟ್ಲೋರು ಅಡುಗೆ ಕೆಲ್ಸಕ್ಕೆ ಕರೀತಾವ್ರೆ."

"ಒಳ್ಳೇದೇ ಆಯ್ತಲ್ಲಮ್ಮ."

"ಏನ್ ಒಳ್ಳೇದ್ ಸಾ? ಈ ವಯ್ಸಲ್ಲಿ ತಲೆ ಮ್ಯಾಲೆ ಪಿಲಾಸ್ಟಿಕ್ ಟೋಪಿ ಆಕ್ಕಂಡು, ಯಾವನೋ ಮೀಸೆ ಬರ್ದಿರೋ ಮ್ಯಾನೇಜರ್ ತಾವ ಬೈಸ್ಕೊಂಡು ಇಡ್ಲಿ ಬೇಯಿಸ್ಬೇಕಾ? ನನ್ನ ಒಲೆಗೆ ನಾನೇ ಯಜಮಾನಿ ಆಗಿದ್ದೋಳು ಕಣ್ ಸಾ."

ಆಕೆಯ ಕಣ್ಣು ತುಂಬಿತು. "ನೀವು ಯೋಚನೆ ಮಾಡಬೇಡಿ. ನಾನಿದ್ದೇನೆ!" ಎಂದುಬಿಟ್ಟೆ. ಆಕೆಯ ಕಷ್ಟಗಳು ನಿಜವಾಗಿ ಶುರುವಾದದ್ದು ಅಲ್ಲಿಂದಲೇ.

ಮನೆಗೆ ಬಂದು ನನ್ನ ಹೆಂಡತಿ ಸರೋಜಳಿಗೆ ವಿಷಯವನ್ನು ಗಂಭೀರವಾಗಿ ಮಂಡಿಸಿದೆ. ಅವಳು ಸೊಪ್ಪು ಬಿಡಿಸುತ್ತಾ ಕೇಳಿದಳು: "ಅಷ್ಟು ಕಾಳಜಿ ಇದ್ದರೆ ದಿನಾ ಹೋಗಿ ಎರಡು ದೋಸೆ ತಿಂದು ದುಡ್ಡು ಕೊಟ್ಟು ಬನ್ನಿ. ನಿಮ್ಮ ಸ್ನೇಹಿತರಿಗೂ ಹಾಗೇ ಮಾಡೋಕೆ ಹೇಳಿ. ನೀವು ಅಲ್ಲಿ ಹೋಗಿ ಒಂದು ಕಾಫಿನ ಇಬ್ಬರು ಹಂಚಿಕೊಂಡು ಎರಡು ಗಂಟೆ ಬೆಂಚು ಬಿಸಿ ಮಾಡಿ ಬರ್ತೀರಲ್ಲ?"

"ಅದು ವೈಯಕ್ತಿಕ ನೆಲೆಯ ಪರಿಹಾರ ಸರೋಜ. ನಾನು ಸಾಮುದಾಯಿಕ ನೆಲೆಯಲ್ಲಿ ಚಿಂತಿಸುತ್ತಿದ್ದೇನೆ."

"ಚಿಂತಿಸಿ," ಅಂದು ಅವಳು ಸೊಪ್ಪು ತೊಳೆಯಲು ಹೋದಳು.

ಮೊದಲಿಗೆ ನಮ್ಮೂರ ವಾಟ್ಸಾಪ್ ಗುಂಪಿನಲ್ಲಿ ಒಂದು ಮನವಿ ಹಾಕಿದೆ. ಪುಟ್ಟಲಕ್ಷ್ಮಮ್ಮನ ಫೋಟೋ, ಅದರ ಕೆಳಗೆ ನನ್ನ ಹೃದಯಸ್ಪರ್ಶಿ ಗದ್ಯ: "ನಮ್ಮೆಲ್ಲರ ಹಸಿವನ್ನು ತಣಿಸಿದ ಮಹಾತಾಯಿ. ಆ ಕೈರುಚಿಯನ್ನು ನಾವು ಮರೆಯಲು ಸಾಧ್ಯವೇ? ಈ ಕಷ್ಟದ ಸಮಯದಲ್ಲಿ ಎಲ್ಲರೂ ಕೈಜೋಡಿಸೋಣ." ಎಲ್ಲರೂ ಕೈಜೋಡಿಸಿದರು. ಮುಗಿದ ಕೈಗಳ ಚಿತ್ರಗಳು ಸಾಲು ಸಾಲಾಗಿ ಬಂದವು. ಆಮೇಲೆ ಒಬ್ಬ ಪುಣ್ಯಾತ್ಮ "ಓಂ ಶಾಂತಿ" ಎಂದು ಬರೆದ. ಇನ್ನೊಬ್ಬ "ಬಹಳ ನೋವಿನ ಸಂಗತಿ, ನಿನ್ನೆ ತಾನೇ ನೋಡಿದ್ದೆ" ಎಂದ. ಸಂಜೆಯೊಳಗೆ ಊರಿಗೆ ಊರೇ ಆಕೆಯ ಆತ್ಮಕ್ಕೆ ಸದ್ಗತಿ ಕೋರಿತ್ತು! ಒಬ್ಬರಾದರೂ ನಾನು ಬರೆದದ್ದನ್ನು ಪೂರ್ತಿ ಓದಿರಲಿಲ್ಲ. ಇವರಲ್ಲಿ ಅರ್ಧಕ್ಕರ್ಧ ಜನ ನನ್ನ ಹಳೇ ವಿದ್ಯಾರ್ಥಿಗಳೇ ಎಂಬುದು ಬೇರೆ ಮಾತು.

ಮಾರನೆಯ ದಿನ ಅರಕಲಗೂಡಿನಿಂದ ಆಕೆಯ ತಂಗಿ ಹೂವಿನ ಹಾರ ಹಿಡಿದು, ಬೀದಿಯ ತುದಿಯಿಂದಲೇ ಎದೆ ಬಡಿದುಕೊಂಡು ಅಳುತ್ತಾ ಬಂದಳು. ಪುಟ್ಟಲಕ್ಷ್ಮಮ್ಮ ದೋಸೆ ಹುಯ್ಯುತ್ತಿದ್ದರು.

"ಅಯ್ಯೋ ಅಕ್ಕಾ, ಬದುಕಿದ್ದೀಯಾ!"

"ಇದ್ದೀನಿ ಕಣೇ. ಯಾಕೆ, ಬ್ಯಾಡ್ವಾ?"

ಆ ತಂಗಿ ಮೂರು ದಿನ ಉಳಿದು, ಪುಕ್ಕಟೆ ತಿಂಡಿ ತಿಂದು, ಹಾರದ ಹೂವನ್ನು ಮುಡಿದುಕೊಂಡು ಊರಿಗೆ ಹೋದಳು. ವ್ಯಾಪಾರ ಮಾತ್ರ ಇದ್ದಲ್ಲೇ ಇತ್ತು.

ನಾನು ಎದೆಗುಂದುವವನಲ್ಲ. ಈ ಜನಕ್ಕೆ ಫೋನಿನಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ, ಸಂಪ್ರದಾಯದ ಮೂಲಕವೇ ಹಿಡಿಯಬೇಕು ಎಂದು ತೀರ್ಮಾನಿಸಿದೆ. ನಮ್ಮ ಕಡೆ ಕರಪತ್ರ ಕೊಟ್ಟರೆ ಅದರಲ್ಲಿ ಕಡ್ಲೆಕಾಯಿ ಸಿಪ್ಪೆ ಸುತ್ತಿ ಎಸೆಯುತ್ತಾರೆ. ಆದರೆ ಮೂಲೆಗೆ ಅರಿಶಿನ ಕುಂಕುಮ ಹಚ್ಚಿದ ಕಾರ್ಡನ್ನು ಎಲೆ ಅಡಿಕೆ ಜೊತೆ ಮನೆ ಬಾಗಿಲಲ್ಲಿ ಕೈಗಿಟ್ಟು ನೋಡಿ, ಜ್ವರವಿದ್ದವನೂ ಎದ್ದು ಬರುತ್ತಾನೆ. ಬರದಿದ್ದರೆ ಕರೆದವರಿಗೆ ಅವಮಾನ, ದೇವರಿಗೂ ಅಪಚಾರ. ಸರಿ, ಕಾರ್ಡನ್ನೇ ಮಾಡಿಸೋಣ! ಒಂದು ಭಾನುವಾರ ಇಡೀ ಊರು ಆಕೆಯ ಕೈ ಊಟ ಉಂಡು, ದುಡ್ಡು ಕೊಟ್ಟು, ರುಚಿ ಹತ್ತಿಸಿಕೊಂಡು, ದಿನಾ ಬರುವಂತಾಗಬೇಕು. ಇದು ನನ್ನ ಯೋಜನೆ.

ಪ್ರೆಸ್ಸಿಗೆ ಹೋಗಿ ನಾನೇ ಪಕ್ಕದಲ್ಲಿ ಕೂತು ಅಚ್ಚು ಹಾಕಿಸಿದೆ. "ತಾವು ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಿ, ಭೋಜನ ಸ್ವೀಕರಿಸಿ, ಪುಟ್ಟಲಕ್ಷ್ಮಮ್ಮನವರನ್ನು ಪ್ರೋತ್ಸಾಹಿಸಬೇಕಾಗಿ ಕೋರುವ" ಎಂದು ಬರೆದು ಕೆಳಗೆ ನನ್ನ ಮತ್ತು ಸರೋಜಳ ಹೆಸರು ಹಾಕಿಸಿದೆ. ಕೊನೆಯಲ್ಲಿ ಒಂದಿಷ್ಟು ಜಾಗ ಖಾಲಿ ಉಳಿದಿತ್ತು. ಪ್ರೆಸ್ಸಿನವನು, "ಅಲ್ಲಿಗೆ ಮಾಮೂಲಿ ಸಾಲು ಆಕ್ಲಾ ಸಾ?" ಎಂದ. ಯಾವ ಕಾರ್ಡಿನಲ್ಲೂ ಇರುವ ಸಾಲು. ಇದ್ದರೆ ಒಂದು ಗಾಂಭೀರ್ಯ. "ಹಾಕಪ್ಪ" ಎಂದೆ. ಹೂಬಳ್ಳಿಯ ಚೌಕದೊಳಗೆ ಮುದ್ದಾಗಿ ಅಚ್ಚಾಯಿತು: "ನಿಮ್ಮ ಆಶೀರ್ವಾದವೇ ಉಡುಗೊರೆ."

ಮೊದಲ ಕಾರ್ಡನ್ನು ಪಕ್ಕದ ದಿನಸಿ ಅಂಗಡಿಯ ಪದ್ಮರಾಜಯ್ಯನವರಿಗೆ ಕೊಟ್ಟೆ. ಶ್ರವಣಬೆಳಗೊಳದ ಕಡೆಯ ಜೈನರು, ಅಳೆದು ತೂಗಿ ಮಾತಾಡುವವರು. ಕನ್ನಡಕ ಏರಿಸಿ ಎರಡು ಸಲ ಓದಿದರು.

"ಮೇಷ್ಟ್ರೇ, ಇದರಲ್ಲಿ ದುಡ್ಡಿನ ಮಾತೇ ಇಲ್ಲವಲ್ಲ?"

"ಹೋಟೆಲಿನಲ್ಲಿ ಉಂಡವರು ದುಡ್ಡು ಕೊಡಬೇಕು ಅಂತ ಅಚ್ಚು ಹಾಕಿಸಬೇಕೇನ್ರೀ? ನಮ್ಮ ಜನಕ್ಕೆ ಅಷ್ಟೂ ಸಂಸ್ಕಾರ ಇಲ್ಲವೇ?"

"ಸಂಸ್ಕಾರ ಇದೆ. ಅದಕ್ಕೇ ಕೇಳಿದೆ," ಎಂದು ಅವರು ಬೇಳೆ ತೂಗಲು ತಿರುಗಿದರು. ಈ ಮನುಷ್ಯನಿಗೆ ಸಮುದಾಯದ ಬಗ್ಗೆ ನಂಬಿಕೆಯೇ ಇಲ್ಲವಲ್ಲ ಎಂದು ನನಗೆ ಕನಿಕರವಾಯಿತು.

ಸರೋಜಳನ್ನು ರೇಷ್ಮೆ ಸೀರೆ ಉಡಿಸಿ ಹೊರಡಿಸಿಕೊಂಡು ಮನೆ ಮನೆಗೆ ಕಾರ್ಡು ಹಂಚಿದೆ. ಎಲ್ಲರೂ ಕಣ್ಣಿಗೊತ್ತಿಕೊಂಡು ತೆಗೆದುಕೊಂಡರು. "ಖಂಡಿತಾ ಬತ್ತೀವಿ ಮೇಷ್ಟ್ರೇ" ಎಂದರು. ಇಲ್ಲಿ ಇನ್ನೊಂದು ಸೂಕ್ಷ್ಮವನ್ನು ನನ್ನ ಮಹಾಬುದ್ಧಿ ಗಮನಿಸಲಿಲ್ಲ. ಧನುರ್ಮಾಸದಲ್ಲಿ ಮದುವೆ, ಗೃಹಪ್ರವೇಶ ಏನೂ ಇರುವುದಿಲ್ಲ. ಊರಿನವರು ಬಾಳೆಲೆ ಊಟ ಕಂಡು ವಾರಗಟ್ಟಲೆ ಆಗಿತ್ತು!

ಪುಟ್ಟಲಕ್ಷ್ಮಮ್ಮ ಹೆದರಿದರು. "ಸಾ, ಅಷ್ಟ್ ಜನಕ್ಕೆ ಅಂದ್ರೆ ಮನೇಲಿರೋ ರಾಗಿ, ಅಕ್ಕಿ ಎಲ್ಲಾ ಸುರೀಬೇಕು. ಆಮ್ಯಾಕೆ ನಂಗೇನೂ ಇರಕಿಲ್ಲ." ನಾನು ಅಭಯಹಸ್ತ ತೋರಿಸಿದೆ. ಆಕೆ ಇದ್ದಬದ್ದದ್ದನ್ನೆಲ್ಲ ಸುರಿದರು. ಹಿತಕಿದ ಅವರೆಬೇಳೆ ಸಾರು, ಮುದ್ದೆ, ಅನ್ನ, ಪಾಯಸ. ಪದ್ಮರಾಜಯ್ಯನವರಿಗೆಂದೇ ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಸಾರು ಬೇರೆ. ಬಾಗಿಲಿಗೆ ಬಾಳೆಕಂಬ ಕಟ್ಟಿಸಿದ್ದೂ ನಾನೇ, ಶಾಮಿಯಾನ ಹಾಕಿಸಿದ್ದೂ ನಾನೇ. ದುಡ್ಡು ಇಸಿದುಕೊಳ್ಳಲು ಬಾಗಿಲಲ್ಲಿ ಒಂದು ಮೇಜು ಹಾಕಿ, ಎಲೆ ಅಡಿಕೆ ತಟ್ಟೆ ಇಟ್ಟುಕೊಂಡು, ಪಂಚೆ ಶಲ್ಯದಲ್ಲಿ ನಾನು ಕೂತೆ. ಪಕ್ಕದಲ್ಲಿ ಸರೋಜ.

ಜನ ಬಂದರು ನೋಡಿ! ಊರಿನವರು ಬಂದರು. ಊರಿನವರ ನೆಂಟರು ಹೊಳೆನರಸೀಪುರದಿಂದ ಬಂದರು. ದಂಡಿಗನಹಳ್ಳಿಯಿಂದ ಒಂದು ಟ್ರ್ಯಾಕ್ಟರ್ ತುಂಬಾ ಬಂದಿಳಿದರು. ಅಲ್ಲಿಗೆ ನಾನು ಕಾರ್ಡನ್ನೇ ಕೊಟ್ಟಿರಲಿಲ್ಲ. ಪಂಕ್ತಿ ಮೇಲೆ ಪಂಕ್ತಿ ಎದ್ದಿತು. "ಇಲ್ಲಿಗ್ ಸಾರು!", "ಪಾಯ್ಸ ಈ ಕಡೆ ಬರ್ನೇ ಇಲ್ಲ ಕಣಣ್ಣೋ!" ಎಂಬ ಕೂಗು. ನನ್ನ ಎದೆ ಉಬ್ಬಿತು. ಮೊದಲ ಪಂಕ್ತಿಯವರು ಕೈ ತೊಳೆದುಕೊಂಡು ಮೇಜಿನ ಕಡೆ ಬಂದರು. ನಾನು ಡ್ರಾಯರ್ ಎಳೆದು ಸಿದ್ಧನಾದೆ.

ಮುಂದೆ ಬಂದ ಅಜ್ಜಿ ಎಲೆ ಅಡಿಕೆ ತಗೊಂಡು, ಸೆರಗಿನಲ್ಲಿ ತಂದಿದ್ದ ಅಕ್ಷತೆಯನ್ನು ನಮ್ಮಿಬ್ಬರ ತಲೆ ಮೇಲೆ ಹಾಕಿ, "ನೂರ್ ಕಾಲ ಚೆಂದಾಗಿ ಬಾಳಿ ಕಣಪ್ಪ" ಎಂದು ಹರಸಿ ಹೊರಟಿತು. ಅದರ ಹಿಂದಿನವರೂ ಅಕ್ಷತೆ. ಅವರ ಹಿಂದಿನವರೂ ಅಕ್ಷತೆ! ಒಬ್ಬ ನನ್ನ ಕಾಲಿಗೆ ಬಿದ್ದು, "ಅರವತ್ತಾದಂಗೇ ಕಾಣಕಿಲ್ಲ ಸಾ ನೀವು" ಎಂದ. ಕಾರ್ಡಿನಲ್ಲಿ ನಮ್ಮಿಬ್ಬರ ಹೆಸರು, ಬಾಗಿಲಲ್ಲಿ ಬಾಳೆಕಂಬ, ಪಕ್ಕದಲ್ಲಿ ರೇಷ್ಮೆ ಸೀರೆಯ ಹೆಂಡತಿ. ಇಡೀ ತಾಲ್ಲೂಕು ಇದು ನನ್ನ ಅರವತ್ತರ ಶಾಂತಿ ಎಂದುಕೊಂಡಿತ್ತು!

ಸರೋಜ ತಲೆಯಿಂದ ಅಕ್ಕಿಕಾಳು ಕೊಡವಿಕೊಳ್ಳುತ್ತಾ ಹಲ್ಲು ಕಚ್ಚಿ ಹೇಳಿದಳು: "ಸಾಮುದಾಯಿಕ ನೆಲೆ ಬಂತು ನೋಡಿ."

ಪದ್ಮರಾಜಯ್ಯನವರು ಮಾತ್ರ ಜೇಬಿನಿಂದ ನೋಟು ತೆಗೆದರು. ಅವರ ಹಿಂದಿದ್ದವನು ತಡೆದ. "ಏನ್ ಸಾಹುಕಾರ್ರೇ, ಆಶೀರ್ವಾದನೇ ಉಡ್ಗೊರೆ ಅಂತ ಹಾಕ್ಸವ್ರೆ. ದುಡ್ ಕೊಟ್ಟು ಅವಮಾನ ಮಾಡ್ತೀರಾ?" ಅಳೆದು ತೂಗುವ ಪದ್ಮರಾಜಯ್ಯನವರು ಒಂದು ಗಳಿಗೆಯೂ ತೂಗಲಿಲ್ಲ. ನೋಟು ಜೇಬಿಗೆ ಹೋಯಿತು, ಅಕ್ಷತೆ ನನ್ನ ತಲೆಗೆ ಬಂತು.

ನಾನು ಎದ್ದು ನಿಂತು ತೋಟದ ಸಣ್ಣಪ್ಪನವರನ್ನು ಕೇಳಿಯೇಬಿಟ್ಟೆ. ಊರಿನ ದೊಡ್ಡ ಕುಳ, ಮೂರು ಮುದ್ದೆ ನುಂಗಿ ತೇಗುತ್ತಾ ಬರುತ್ತಿದ್ದರು. "ಗೌಡರೇ, ಊಟದ್ದು ಏನಾದರೂ..."

ಸಣ್ಣಪ್ಪ ನಿಂತಲ್ಲೇ ನಿಂತರು.

"ಏನಂದ್ರಿ? ಕುಂಕುಮ ಇಟ್ಟು ಕರ್ದು, ಉಂಡಮ್ಯಾಕೆ ದುಡ್ ಕೇಳ್ತೀರಾ? ಮೇಷ್ಟ್ರಾಗಿದ್ದೋರು, ನಾಚ್ಕೆ ಆಗಕಿಲ್ವಾ? ನಮ್ಮಪ್ಪನ ಕಾಲ್ದಿಂದ ಇಂಥದ್ನ ಕಂಡಿಲ್ಲ ಕಣ್ರೀ!"

"ತಮಾಷೆಗೆ ಅಂದೆ ಗೌಡರೇ!" ಎಂದು ನಾನು ಹಲ್ಲು ಕಿರಿದೆ. ಇನ್ನೊಂದು ಕಟ್ಟು ಎಲೆ ಅಡಿಕೆಯನ್ನು ನಾನೇ ಅವರ ಕೈಗಿಟ್ಟೆ. ಒಳಗಿನಿಂದ ಪುಟ್ಟಲಕ್ಷ್ಮಮ್ಮ ಇದನ್ನೆಲ್ಲ ನೋಡುತ್ತಿದ್ದರು. ಕೈಯಲ್ಲಿ ಖಾಲಿ ಪಾತ್ರೆ ಇತ್ತು. ಆಕೆ ಅದನ್ನು ಬೋರಲು ಹಾಕಿ ಒಲೆಯ ಕಡೆ ತಿರುಗಿಕೊಂಡರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ನನ್ನ ಜೇಬಿನಿಂದ ಏನಾದರೂ ಕೊಡಲು ಹೋದೆ. "ಬ್ಯಾಡಿ ಸಾ. ಆಗಿದ್ದಾಯ್ತು, ನಾಳಿಂದ ಜನ ಬಂದ್ರೆ ಸಾಕು" ಎಂದರು. ಜನವೇನೋ ಬಂದರು. ಮಾರನೆಯ ದಿನ ಹೊಸಬರು ಬಾಗಿಲಲ್ಲಿ ಇಣುಕಿ, "ಇವತ್ತೂ ಐತಾ?" ಎಂದು ಕೇಳಿದರು. ದುಡ್ಡು ಎಂದ ಕೂಡಲೇ ಮೂತಿ ತಿರುಗಿಸಿ ಹೋದರು. ಅದಕ್ಕಿಂತ ದೊಡ್ಡ ಹೊಡೆತ ಕೊಟ್ಟದ್ದು ಹಳೇ ಗಿರಾಕಿಗಳು. ಸಣ್ಣಪ್ಪ ಕೂಗಾಡಿದ ಮೇಲೆ ನಿಜ ಏನೆಂದು ಊರಿಗೆಲ್ಲ ತಿಳಿದಿತ್ತು. ಬಡ ಹೆಂಗಸಿನ ಮನೆಯನ್ನು ಬರಿದು ಮಾಡಿ ಉಂಡೆವಲ್ಲ ಎಂದು ಅವರಿಗೆ ಮುಖ ತೋರಿಸಲು ನಾಚಿಕೆ. ಬಂದು ದುಡ್ಡು ಕೊಟ್ಟು ಹೋಗುವಷ್ಟು ನಾಚಿಕೆಯಲ್ಲ, ಪಕ್ಕದ ಬೀದಿಯಲ್ಲಿ ಸುತ್ತಿ ಹೋಗುವಷ್ಟು ನಾಚಿಕೆ! ನಾನೂ ಒಂದು ವಾರ ಆ ಪಕ್ಕದ ಬೀದಿಯಲ್ಲೇ ಓಡಾಡಿದೆ. ಅಲ್ಲಿ ಬಹಳ ಜನ ಸಿಗುತ್ತಿದ್ದರು.

ಸಂಕ್ರಾಂತಿ ಬರುವವರೆಗೆ ಕಾಯಬೇಕಾಗಲಿಲ್ಲ. ಅದಕ್ಕೆ ಮುಂಚೆಯೇ ಬಾಗಿಲಿಗೆ ಬೀಗ ಬಿತ್ತು. ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಮತ್ತೆ ಕೈ ಮುಗಿದರು. "ಊರಿನ ಒಂದು ಪರಂಪರೆ ಅಳಿಯಿತು" ಎಂದು ಬರೆದವರು ತೋಟದ ಸಣ್ಣಪ್ಪ.

ಮೊನ್ನೆ ಹಾಸನದಿಂದ ಬರುವಾಗ ಶಾಂತಿಗ್ರಾಮ ದಾಟಿದ ಮೇಲೆ ಧೈರ್ಯ ತಂದುಕೊಂಡು, ಬೈಪಾಸಿನಲ್ಲೇ ಇಳಿದು ಆ ಗಾಜಿನ ಹೋಟೆಲಿಗೆ ಹೋದೆ. ತಲೆಗೆ ಟೋಪಿ ಹಾಕಿಕೊಂಡ ಪುಟ್ಟಲಕ್ಷ್ಮಮ್ಮ ಕೌಂಟರಿನ ಆಚೆಗೆ ಇಡ್ಲಿ ತಟ್ಟೆ ತೆಗೆಯುತ್ತಿದ್ದರು. ತಪ್ಪಾಯಿತು ಎನ್ನಬೇಕು ಎಂದು ಇಡೀ ದಾರಿ ಅಭ್ಯಾಸ ಮಾಡಿಕೊಂಡು ಬಂದಿದ್ದೆ. ಭಾಷಣದ ಚಟ ಎಲ್ಲಿ ಹೋಗುತ್ತದೆ? "ಪುಟ್ಟಲಕ್ಷ್ಮಮ್ಮ, ನಿಮ್ಮನ್ನು ಈ ಸ್ಥಿತಿಯಲ್ಲಿ ಕಾಣಬೇಕಾಗಿ ಬಂತಲ್ಲ..." ಎಂದು ಶುರುಮಾಡಿದೆ.

ಆಕೆ ಎರಡು ಇಡ್ಲಿ ಹಾಕಿದ ತಟ್ಟೆಯನ್ನು ನನ್ನ ಮುಂದೆ ಸರಿಸಿದರು.

"ಸುಮ್ಕೆ ತಿನ್ನಿ ಸಾ. ಬೈಸ್ಕೊಳದು ಇದ್ದದ್ದೇ, ಕಾಲೂ ನೋಯ್ತದೆ. ಆದ್ರೂ ಇಲ್ಲೊಂದು ನೆಮ್ದಿ ಐತೆ ಕಣ್ ಸಾ. ಯಾರೂ ಸಹಾಯ ಮಾಡಕ್ಕೆ ಬರಕಿಲ್ಲ."

ಇಡ್ಲಿ ಗಂಟಲಲ್ಲಿ ಸಿಕ್ಕಿಕೊಂಡಿತು. ಪಕ್ಕದಲ್ಲಿದ್ದ ಮೀಸೆ ಬಾರದ ಮ್ಯಾನೇಜರನ್ನು ನೀರು ಕೇಳಿದೆ. ಅದಕ್ಕೆ ಬೇರೆ ಟೋಕನ್ ತರಬೇಕಂತೆ!