ಎನಿಡ್ ಅಂದರೆ ಏನಿಡಬೇಕು?

ಮಗಳಿಗೆ ಹೆಸರಿಡುವ ಪರಮಾಧಿಕಾರವನ್ನು ಓಂಕಾರ ಹೆಂಡತಿ ಸ್ನೇಹಲ್‌ಳಿಂದ ಗಿಟ್ಟಿಸಿಕೊಂಡದ್ದು ಮೂರು ತಿಂಗಳು ಡೈಪರ್ ಬದಲಾಯಿಸಿದ ಮೇಲೆ. (ಅವಳ ಪ್ರಕಾರ ಮೂರು ಸಲ.)

ಆಕ್ಲೆಂಡಿನ ಕನ್ನಡದವರ ಮಧ್ಯೆ ನಿಂತು "ಆದ್ಯಾ" ಎಂದು ಕರೆದರೆ ಐದು ಹುಡುಗಿಯರು ತಿರುಗಿ ನೋಡುತ್ತಾರೆ. ತನ್ನ ಮಗಳ ಹೆಸರಿಗೆ ಒಂದೇ ತಲೆ ತಿರುಗಬೇಕು ಎಂಬುದು ಓಂಕಾರನ ಹಟ. ಆದರೆ ವಿಜಯಪುರದಿಂದ ಬಂದಿಳಿದ ತಾಯಿ ನೀಲಗಂಗಾ ತಮ್ಮ ಅತ್ತೆಯ "ಈರವ್ವ" ಎಂಬ ಹೆಸರನ್ನು ಉಪ್ಪಿನಕಾಯಿಯ ಜೊತೆ ಕಟ್ಟಿಕೊಂಡೇ ಬಂದಿದ್ದರು. (ಉಪ್ಪಿನಕಾಯಿಯನ್ನು ಏರ್‌ಪೋರ್ಟಿನಲ್ಲಿ ಕಸಿದುಕೊಂಡರು, ಹೆಸರನ್ನು ಬಿಟ್ಟರು.)

ಓಂಕಾರ ಇಂಟರ್ನೆಟ್ಟಿನ ಪಾತಾಳಕ್ಕಿಳಿದು ವೆಲ್ಶ್ ಭಾಷೆಯ ಮುತ್ತೊಂದನ್ನು ಎತ್ತಿ ತಂದ: ಎನಿಡ್. ಮೂಲ "ಎನೈಡ್", ಅಂದರೆ ಆತ್ಮ. ಬೇಲಿಯಾಚೆಯ ಗ್ವೆನ್ ಆಂಟಿ ವೇಲ್ಸ್‌ನವರು. ಅವರಿಂದ ಉಚ್ಚಾರ ಕಲಿತ. ಮನೆಯವರ ಮುಂದೆ ಮಾತ್ರ ಬಾಯಿಬಿಡಲಿಲ್ಲ. ತೊಟ್ಟಿಲ ಮುಂದೆಯೇ ಸ್ಫೋಟಿಸುವ ಯೋಜನೆ.

ನಾಮಕರಣದ ದಿನ ಹಿಲ್ಸ್‌ಬರೋ ಬಡಾವಣೆಯ ಅವರ ಮನೆ ತುಂಬ ಹೆಂಗಸರು, ಗ್ವೆನ್ ಆಂಟಿಯೂ ಸೇರಿ. ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ, ಅಂದರೆ ಓಂಕಾರನ ಅಕ್ಕ ವಚನಾ. ಅವಳು ಹೇಳಿ ಮುಗಿಸುವತನಕ ಉಳಿದವರು ಅವಳ ಬೆನ್ನಿಗೆ ಗುದ್ದುವುದು ಸಂಪ್ರದಾಯ. ವಚನಾ ಬಗ್ಗಿದಳು. ಗುದ್ದು ಶುರುವಾಯಿತು.

"ಕುರ್ರ್ರ್... ಲೇ ತಮ್ಮಾ, ಹೆಸರ ಏನಿಡ್ಲೋ?"

"ಎನಿಡ್!"

"ಅದನ್ನ ಕೇಳಾಕತ್ತೀನಿ! ಏನಿಡ್ಲಿ?"

"ಎನಿಡ್ ಅಕ್ಕಾ, ಎನಿಡ್!"

"ಹೊಳ್ಳಿ ನನ್ನನ್ನ ಕೇಳ್ತೀಯಲ್ಲೋ! ಏ, ಸಾವಕಾಶ ಗುದ್ದ್ರಿ, ನಾಳೆ ಆಫೀಸಿಗೆ ಹೋಗೂದೈತಿ!"

"ಆತ್ಮಾ, ಅಕ್ಕಾ! ಆತ್ಮಾ!"

ನೀಲಗಂಗಾ ಸಿಡಿದರು. "ಎಳೀ ಕೂಸಿನ ಮುಂದ ಆತ್ಮ-ಗೀತ್ಮ ಅಂತೀಯೇನಲೇ? ಇವಗ ಏನಿಡೂದಂತ ಇನ್ನೂ ತಿಳೀವಲ್ದು. ವಚನಾ, ಈರವ್ವ ಅನ್ನು!"

ಬೆನ್ನು ಉಳಿದರೆ ಸಾಕಾಗಿದ್ದ ವಚನಾ ಕೂಗಿಯೇಬಿಟ್ಟಳು, "ಈರವ್ವಾ!" ಹೆಸರು ಖಾಯಂ ಆಯಿತೆಂದು ಗುಗ್ಗರಿಯೂ ಹಂಚಿಹೋಯಿತು.

ಓಂಕಾರ ಕೊನೆಯ ಆಸೆಯಿಂದ ಗ್ವೆನ್ ಆಂಟಿಯತ್ತ ನೋಡಿದ. ಅವರು ಕಣ್ಣೊರೆಸಿಕೊಳ್ಳುತ್ತಿದ್ದರು. "ಈರಾ! ಅಪ್ಪಟ ವೆಲ್ಶ್ ಹೆಸರು! ನಾವು 'ಎಯ್ರಾ' ಅಂತೀವಿ, ಹಿಮ ಅಂತ ಅರ್ಥ. ನಮ್ಮೂರಲ್ಲಿ ಈಗಿನ ಹುಡುಗಿಯರಿಗೆಲ್ಲ ಅದೇ ಫ್ಯಾಷನ್. ಎನಿಡ್ ಅಂದರೆ ಹಲ್ಲುಸೆಟ್ಟಿನ ಅಜ್ಜಿಯರು, ಡಿಯರ್. ನಿನಗೆ ಬೇಜಾರಾಗುತ್ತೆ ಅಂತ ಸುಮ್ಮನಿದ್ದೆ."

ಸ್ನೇಹಲ್ ಇದನ್ನು ಒಂದಕ್ಷರ ಬಿಡದೆ ಅತ್ತೆಗೆ ಅನುವಾದಿಸಿದಳು.

"ನಮ್ಮತ್ತಿ ಮೊದಲಿಂದನೂ ಭಾಳ ಫಾರ್ವರ್ಡ್!" ಎಂದು ನೀಲಗಂಗಾ ಬೀಗಿದರು.

ಅಂದಿನಿಂದ ವಚನಾ ಬಂದಾಗಲೆಲ್ಲ ಬಾಗಿಲಲ್ಲೇ ಕೇಳುತ್ತಾಳೆ, "ಎನಿಡ್ ಅದಾನೇನ್ ಮನ್ಯಾಗ?"

ಆಕ್ಲೆಂಡಿನಲ್ಲಿ ಈಗ ಆ ಹೆಸರಿಗೆ ಒಂದೇ ತಲೆ ತಿರುಗುತ್ತದೆ. ಓಂಕಾರನದು.